ಕುಸುಮಕ್ಕನಿಗೆ ನಾನು ಫೋನಿನಲ್ಲಿ ಕೊಟ್ಟ ಉತ್ತರ

2022ನೇ ಇಸವಿ. ನಾನು ಒಂದು ಪಟ್ಟಣ ಪಂಚಾಯತಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ನನ್ನ ನೌಕರಿಯೆಲ್ಲ ಪುತ್ತೂರು, ಸುಳ್ಯ, ಕಡಬದ ಸುತ್ತಿನಲ್ಲೇ ಕಳೆದದ್ದು. ಇದು ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ತಪ್ಪು ಮಾಡಿದ್ದು ಕಚೇರಿಯಲ್ಲ, ನಾನು.

ನನ್ನ ಮೇಜು ವಿಚಾರಣೆಯ ಕಿಟಕಿಗೆ ತಾಗಿಕೊಂಡಿತ್ತು. ನಳ್ಳಿ ನೀರು ಯಾವ ಹೊತ್ತಿಗೆ ಬಿಡುತ್ತೀರಿ, ಹಸಿ ಕಸದ ಗಾಡಿ ನಮ್ಮ ಓಣಿಗೆ ಯಾಕೆ ಬರುವುದಿಲ್ಲ, ರಸ್ತೆಯಿಂದ ಎಷ್ಟು ಅಡಿ ಬಿಟ್ಟು ಕಂಪೌಂಡ್ ಕಟ್ಟಬೇಕು, ಪಕ್ಕದ ಮನೆಯವರ ಹಲಸಿನ ಗೆಲ್ಲು ನಮ್ಮ ಹಂಚಿನ ಮೇಲೆ ಬಂದರೆ ಯಾರಿಗೆ ಹೇಳುವುದು, ಹೀಗೆ ಬೆಳಗಿನಿಂದ ಸಂಜೆಯವರೆಗೆ ಪ್ರಶ್ನೆಗಳು. ಇವಕ್ಕೆಲ್ಲ ನಾನು ಫೈಲು ತೆರೆಯುತ್ತಿರಲಿಲ್ಲ. ಎದುರಿಗಿದ್ದವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುತ್ತಿದ್ದೆ. "ನಮ್ಮ ಪದ್ದಣ್ಣನಿಗೆ ಕಂಪ್ಯೂಟರ್ ಎಂತಕ್ಕೆ ಮಾರಾಯ್ರೆ" ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೆ ಉಬ್ಬುತ್ತಿದ್ದೆ ಎನ್ನುವುದನ್ನು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಅದಕ್ಕೆ ಸ್ವಲ್ಪ ಸಮಯದ ಹಿಂದೆ ಪಕ್ಕದ ಗ್ರಾಮದ ಒಂದು ಭಾಗವನ್ನು ನಮ್ಮ ಪಟ್ಟಣದ ವ್ಯಾಪ್ತಿಗೆ ಸೇರಿಸಿದ್ದರು. ನಿನ್ನೆಯವರೆಗೆ ಹಳ್ಳಿಯವರಾಗಿದ್ದವರು ಇವತ್ತು ಪಟ್ಟಣದವರಾದರು. ಮನೆ ಅದೇ, ದನದ ಹಟ್ಟಿ ಅದೇ, ಕಾನೂನು ಮಾತ್ರ ಬೇರೆ. ಅವರ ಪ್ರಶ್ನೆಗಳೂ ಬೇರೆ. ತರಗೆಲೆ ಸುಡಬಹುದಾ, ಕೋಳಿ ಸಾಕಲಿಕ್ಕೆ ಲೈಸನ್ಸ್ ಬೇಕಾ ಎಂದು ಕೇಳಿಕೊಂಡು ಬರುತ್ತಿದ್ದರು. ಹಾಗೆ ಬರುತ್ತಿದ್ದವರಲ್ಲಿ ಕುಸುಮಕ್ಕ ಮೊದಲಿಗರು.

ಕುಸುಮಕ್ಕ ಐವರ್ನಾಡಿನಲ್ಲಿ ಹುಟ್ಟಿದವರು. ಮನೆಮಾತು ಅರೆಭಾಷೆ, ನನ್ನೊಡನೆ ಮಾತಾಡುವುದು ಕನ್ನಡದಲ್ಲಿ. ಅಂಗನವಾಡಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಗಂಡ ವೆಂಕಪ್ಪಣ್ಣ ಬಹಳ ವರ್ಷ ಊರವರನ್ನು ಪೇಟೆಗೆ ಕರೆದೊಯ್ಯುವ ಸರ್ವಿಸ್ ಜೀಪು ಓಡಿಸಿದವರು. ಕುಸುಮಕ್ಕನಿಗೆ ಒಂದು ಹಟ ಇತ್ತು. ಏನು ಮಾಡುವುದಿದ್ದರೂ ಮೊದಲು ಕೇಳಬೇಕು, ಕೇಳಿದ ಮೇಲೆ ಹಾಗೆಯೇ ಮಾಡಬೇಕು. ಬಚ್ಚಲಿನ ನೀರು ಚರಂಡಿಗೆ ಬಿಡಬಾರದು ಎಂದು ನಾನು ಹೇಳಿದ ವಾರದಲ್ಲೇ ಅವರ ಮನೆಯ ಹಿಂದೆ ಇಂಗುಗುಂಡಿ ಆಗಿತ್ತು. ನೆರೆಮನೆಯವರು ಇವತ್ತಿಗೂ ಚರಂಡಿಗೇ ಬಿಡುತ್ತಿದ್ದಾರೆ.

ಆ ದಂಪತಿಗೆ ಇದ್ದದ್ದು ಒಬ್ಬಳೇ ಮಗಳು. ಹದಿನೇಳು ವರ್ಷದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ನಮ್ಮ ಕಡೆ ಜಾಗ ಇದ್ದವರು ಸತ್ತವರನ್ನು ತಮ್ಮ ಸ್ವಂತ ಜಾಗದಲ್ಲೇ ಸುಡುವುದು ಕ್ರಮ. ಅವಳನ್ನೂ ಹಾಗೆಯೇ ಹಿತ್ತಿಲಿನ ತೆಂಕು ಮೂಲೆಯಲ್ಲಿ ಸುಟ್ಟು, ಅಲ್ಲೊಂದು ತುಳಸಿ ನೆಟ್ಟಿದ್ದರು. ವೆಂಕಪ್ಪಣ್ಣ ಜೀಪು ಹೊರಡಿಸುವ ಮೊದಲು ಅದಕ್ಕೆ ಒಂದು ಚೊಂಬು ನೀರು ಹಾಕುತ್ತಿದ್ದರಂತೆ.

ಆ ವರ್ಷ ಚಳಿಗಾಲದ ಒಂದು ಬೆಳಿಗ್ಗೆ, ನಾನು ರಾಮಕುಂಜದಲ್ಲಿ ಕಚೇರಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಬಂತು.

"ಪದ್ದಣ್ಣ, ಇವರು ಹೋದ್ರು" ಎಂದರು ಕುಸುಮಕ್ಕ. ವೆಂಕಪ್ಪಣ್ಣ ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದರು, ಅದು ನನಗೂ ಗೊತ್ತಿತ್ತು. ನಾನು ಏನೋ ಸಮಾಧಾನ ಹೇಳಲು ಹೊರಟೆ. ಅವರು ತಡೆದರು.

"ಒಂದು ಕೇಳ್ಲಿಕ್ಕುಂಟು. ನಮ್ಮ ಜಾಗದಲ್ಲೇ ಮಾಡ್ಬಹುದಲ್ಲ? ಮಗಳ ಹತ್ರ. ಇವರು ಬಾಯಿಬಿಟ್ಟು ಕೇಳಿದ್ದು ಅದೊಂದೇ."

"ಇಲ್ಲ ಅಕ್ಕ, ಈಗ ನಿಮ್ಮದು ಪಟ್ಟಣದ ಲಿಮಿಟ್ ಅಲ್ಲವಾ? ಆಗುದಿಲ್ಲ. ರುದ್ರಭೂಮಿಗೇ ತರ್ಬೇಕು. ಗಾಡಿ ನಾನು ಕಳಿಸ್ತೇನೆ."

ಹಿಂದೆ ಯಾರೋ ಅಳುತ್ತಿದ್ದದ್ದು ಕೇಳುತ್ತಿತ್ತು.

"ಬೇರೆ ದಾರಿ ಎಂತದೂ ಇಲ್ಲವಾ?"

ಬಸ್ಸು ತಿರುವಿನಲ್ಲಿ ಕಾಣಿಸಿತ್ತು. "ಇಲ್ಲ ಅಕ್ಕ" ಎಂದೆ.

"ಆಯ್ತು ಹಾಗಾದ್ರೆ" ಎಂದು ಫೋನ್ ಇಟ್ಟರು.

ಹೇಳಿದಂತೆ ಗಾಡಿ ಕಳಿಸಿದೆ. ರುದ್ರಭೂಮಿಯಲ್ಲಿ ಜಾಗ ಚೊಕ್ಕ ಮಾಡಿಸಿದೆ, ಕಟ್ಟಿಗೆಗೆ ಹೇಳಿದೆ. ರಜೆ ಹಾಕಿ ನಾನೂ ಹೋಗಿ ನಿಂತೆ. ಎಷ್ಟೊಂದು ಮಾಡಿದೆ ಎಂಬ ಸಮಾಧಾನವೂ ಇತ್ತು ಅನ್ನಿ. ಅಲ್ಲಿ ವೆಂಕಪ್ಪಣ್ಣನ ತಮ್ಮ ಬಾಲಣ್ಣ ನನ್ನ ಪಕ್ಕಕ್ಕೆ ಬಂದು ಬೇಸರದಲ್ಲೇ ಹೇಳಿದರು: "ನಾವು ಮಾವಿನ ಮರ ಕಡಿದು ಆಗಿತ್ತು. ಚಿತೆಗೆ ಹೊಂಡ ತೆಗೆದೂ ಆಗಿತ್ತು. ಯಾರು ಬಂದು ನೋಡ್ತಾರೆ, ಇಲ್ಲೇ ಮಾಡುವ ಅಂತ ನಾನು ಹೇಳಿದೆ. ಕೇಳಿ ಆದ ಮೇಲೆ ಮೀರ್ಲಿಕ್ಕೆ ಆಗುದಿಲ್ಲ ಅಂತ ಅತ್ತಿಗೆದ್ದು ಒಂದೇ ಮಾತು."

ಅವರು ಹೇಳಿದ್ದು ಸುಳ್ಳಲ್ಲ. ಹೊಸದಾಗಿ ಸೇರಿದ ಆ ಭಾಗದಲ್ಲಿ ಅದಕ್ಕಿಂತ ಮೊದಲು ತೀರಿಕೊಂಡ ಕೆಲವರನ್ನು ಮನೆಯವರು ಯಾರನ್ನೂ ಕೇಳದೆ ಸ್ವಂತ ಜಾಗದಲ್ಲೇ ಸುಟ್ಟಿದ್ದರು. ನಾವೂ ಕಂಡೂ ಕಾಣದ ಹಾಗೆ ಇದ್ದೆವು. ನಿಯಮ ತಾಗಿದ್ದು ಕೇಳಿದವರಿಗೆ ಮಾತ್ರ.

ನನ್ನ ತಪ್ಪು ನನಗೆ ತಿಳಿದದ್ದು ಹನ್ನೊಂದನೆಯ ದಿನ. ಅದೇ ಭಾಗದ ಇನ್ನೊಂದು ಮನೆಯವರು ಕಚೇರಿಗೆ ಬಂದರು. ಅವರ ತಾಯಿ ಅಂದು ಬೆಳಿಗ್ಗೆ ತೀರಿಕೊಂಡಿದ್ದರು. ಕಿಟಕಿಯಲ್ಲಿ ನನ್ನನ್ನು ಕೇಳದೆ ಅವರು ಸೀದಾ ಮುಖ್ಯಾಧಿಕಾರಿಯವರ ಕೋಣೆಗೆ ಹೋದರು. ಮುಖ್ಯಾಧಿಕಾರಿ ಬಂದು ಎರಡು ತಿಂಗಳಷ್ಟೇ ಆಗಿತ್ತು. ಹೊಸಬರಾದ್ದರಿಂದ ಬಾಯಿಪಾಠ ಅವರಿಗೆ ಇರಲಿಲ್ಲ, ನಡಾವಳಿ ಪುಸ್ತಕ ತರಿಸಿದರು. ಸಭೆಯಲ್ಲಿ ಆದ ನಿರ್ಣಯಗಳನ್ನು ಬರೆದಿಡುವ ಪುಸ್ತಕ ಅದು. ಅದರಲ್ಲಿ ನಿರ್ಣಯ ಹುಡುಕಿ ತೆಗೆದು ನನ್ನನ್ನು ಒಳಗೆ ಕರೆದರು.

ಹೊಸ ಭಾಗ ಸೇರಿದ ಮೇಲೆ ನಡೆದ ಮೊದಲನೆಯ ಸಭೆಯ ನಿರ್ಣಯ ಅದು. ಮೊದಲಿನಿಂದಲೂ ಸ್ವಂತ ಜಾಗದಲ್ಲಿ ದಹನ ಮಾಡಿಕೊಂಡು ಬಂದ ಮನೆಯವರಿಗೆ ಅದನ್ನೇ ಮುಂದುವರಿಸಲು ಅವಕಾಶ ಕೊಡಬೇಕು. ಮನೆಗಳಿಂದ, ಬಾವಿಗಳಿಂದ ಸಾಕಷ್ಟು ದೂರ ಇರಬೇಕು. ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೆ ಮುಖ್ಯಾಧಿಕಾರಿ ಅದೇ ದಿನ ಲಿಖಿತ ಅನುಮತಿ ಕೊಡಬಹುದು. ಇಷ್ಟೇ.

"ಇದು ನಿಮ್ಮದೇ ಅಕ್ಷರ ಅಲ್ಲವಾ?" ಎಂದರು ಮುಖ್ಯಾಧಿಕಾರಿ.

ನನ್ನದೇ ಅಕ್ಷರ. ಆ ಸಭೆಯಲ್ಲಿ ಕುಳಿತು ಬರೆದವನು ನಾನು. ಸದಸ್ಯರು ಬೀದಿದೀಪದ ಬಗ್ಗೆ ಎರಡು ಗಂಟೆ ಜಗಳಾಡಿದ್ದು ನನಗೆ ಅಕ್ಷರಶಃ ನೆನಪಿತ್ತು. ಜಗಳವೇ ಇಲ್ಲದೆ ಐದು ನಿಮಿಷದಲ್ಲಿ ಪಾಸಾದ ಈ ನಿರ್ಣಯ ತಲೆಯಲ್ಲಿ ಉಳಿದೇ ಇರಲಿಲ್ಲ. ಮೂವತ್ತು ವರ್ಷದಿಂದ ಜನರಿಗೆ ಹೇಳಿಕೊಂಡು ಬಂದ ಹಳೇ ನಿಯಮವೇ ಆ ಬೆಳಿಗ್ಗೆ ನಾಲಿಗೆಗೆ ಬಂದಿತ್ತು. ಆ ಮನೆಯವರಿಗೆ ಅರ್ಧ ಗಂಟೆಯಲ್ಲಿ ಅನುಮತಿ ಸಿಕ್ಕಿತು. ಪತ್ರ ಟೈಪ್ ಮಾಡಿದ್ದೂ ನಾನೇ. ಎರಡು ಸಲ ತಪ್ಪಿತು.

ಎರಡು ದಿನ ಬಿಟ್ಟು ವೆಂಕಪ್ಪಣ್ಣನ ಬೊಜ್ಜ, ಅಂದರೆ ಉತ್ತರಕ್ರಿಯೆ. ಸುಟ್ಟ ಜಾಗದಲ್ಲಿ ಮಣ್ಣಿನ ದಿಬ್ಬ ಕಟ್ಟುವುದನ್ನು ನಮ್ಮಲ್ಲಿ ದೂಪೆ ಎನ್ನುತ್ತಾರೆ. ಬೊಜ್ಜದ ದಿನ ಅದನ್ನು ಶೃಂಗರಿಸುತ್ತಾರೆ. ವೆಂಕಪ್ಪಣ್ಣನಿಗೆ ದೂಪೆ ಕಟ್ಟಲು ಆಗಿರಲಿಲ್ಲ. ರುದ್ರಭೂಮಿ ಎಲ್ಲರದ್ದು, ಅದೇ ಜಾಗದಲ್ಲಿ ಮೂರನೆಯ ದಿನವೇ ಇನ್ನೊಬ್ಬರ ಚಿತೆ ಉರಿದಿತ್ತು. ಮನೆಯವರು ಹಿತ್ತಿಲಿನ ತುಳಸಿಯ ಪಕ್ಕ ಒಂದು ದೀಪ ಇಟ್ಟು ಮುಗಿಸಿದರು. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ, ಅಂದು ತೆಗೆದಿದ್ದ ಹೊಂಡ ಇನ್ನೂ ಮುಚ್ಚಿರಲಿಲ್ಲ. ಕಡಿದ ಮಾವು ಹಾಗೆಯೇ ಬಿದ್ದಿತ್ತು.

ನಾನು ಹೇಳಲಿಲ್ಲ. ಹೇಳಬೇಕೆಂದೇ ಹೋಗಿದ್ದೆ. ಜನ ಇದ್ದಾರೆ, ಇವತ್ತು ಬೇಡ ಎಂದುಕೊಂಡೆ. ಎಲೆಯ ಮುಂದೆ ಕುಳಿತು ಊಟ ಮಾಡಿದೆ. ಕುಸುಮಕ್ಕ ಹತ್ತಿರ ಬಂದು "ನೀವು ಇದ್ದದ್ದಕ್ಕೆ ಎಲ್ಲ ಸರಿಯಾಗಿ ಆಯ್ತು ಪದ್ದಣ್ಣ" ಎಂದರು. ಆ ಮಾತು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ನನ್ನ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಅದರಷ್ಟು ಹೇಡಿತನ ಇನ್ನೊಂದಿಲ್ಲ. ಫೋನಿನ ತಪ್ಪು ಮರೆವಿನದ್ದು. ಇದು ಗೊತ್ತಿದ್ದೂ ಮಾಡಿದ್ದು.

ಮರಣ ಪ್ರಮಾಣಪತ್ರ ಪಡೆಯಲು ಅವರು ಕಚೇರಿಗೆ ಬಂದದ್ದು ಮುಂದಿನ ತಿಂಗಳು. ಮಧ್ಯಾಹ್ನದ ಹೊತ್ತು, ಕಿಟಕಿಯಲ್ಲಿ ಬೇರೆ ಯಾರೂ ಇರಲಿಲ್ಲ. ಪತ್ರ ಕೈಗೆ ಕೊಟ್ಟೆ. ಅವರು ಹೊರಡುವವರಿದ್ದರು. ಬಾಲಣ್ಣನಿಗೆ ನಿರ್ಣಯದ ಸುದ್ದಿ ಹೇಗೂ ಒಂದು ದಿನ ಸಿಗುತ್ತದೆ, ಬೇರೆಯವರ ಬಾಯಿಯಿಂದ ಇವರಿಗೆ ತಿಳಿಯುವುದು ಬೇಡ ಅನಿಸಿತು. ಒಳಗೆ ಕರೆದು ಕುರ್ಚಿ ಕೊಟ್ಟೆ. ನಡಾವಳಿ ಪುಸ್ತಕ ತೆರೆದು ಅವರ ಮುಂದೆ ಇಟ್ಟೆ.

"ಅಕ್ಕ, ಅವತ್ತು ನಾನು ಹೇಳಿದ್ದು ತಪ್ಪು. ಅನುಮತಿ ಸಿಗ್ತಿತ್ತು. ನಾನು ಪುಸ್ತಕ ನೋಡ್ಲಿಲ್ಲ."

ಅವರು ಕನ್ನಡಕ ತೆಗೆದು ಹಾಕಿಕೊಂಡು ನಿಧಾನವಾಗಿ ಓದಿದರು. ಕೊನೆಯ ಸಾಲು ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ಓದಿದರು. ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

"ಬಿಳಿ ಹಾಳೆಯಲ್ಲಿ ಬರೆದು ಕೊಟ್ರೆ ಸಾಕಿತ್ತಾ?" ಎಂದು ಕೇಳಿದರು.

"ಸಾಕಿತ್ತು."

"ನನಗೆ ಬರೀಲಿಕ್ಕೆ ಬರ್ತಿತ್ತಲ್ಲ, ಪದ್ದಣ್ಣ."

ಅವರು ಪುಸ್ತಕ ಮುಚ್ಚಿ, ಮತ್ತೆ ಕೇಳಿದರು. ಮಾತಿನಲ್ಲಿ ಕೊಂಕು ಇರಲಿಲ್ಲ. ಕಸದ ಗಾಡಿಯ ಸಮಯ ಕೇಳುವಾಗ ಇರುತ್ತಿದ್ದ ಧ್ವನಿಯೇ ಅದು.

"ಈಗ ಇವರು ರುದ್ರಭೂಮಿಯಲ್ಲಿ, ಮಗಳು ಮನೆಯಲ್ಲಿ. ನಾನು ಹೋದ್ರೆ ಎಲ್ಲಿಗೆ ತೆಕ್ಕೊಂಡು ಹೋಗ್ಬೇಕು ಅಂತ ಬಾಲಣ್ಣನಿಗೆ ಹೇಳಿಡ್ಲಿ?"

ನಾನು ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರು ಉತ್ತರಕ್ಕೆ ಕಾಯಲಿಲ್ಲ. ಪ್ರಮಾಣಪತ್ರ ಮಡಚಿ ಚೀಲದಲ್ಲಿಟ್ಟು, "ಬರ್ತೇನೆ" ಎಂದು ಎದ್ದು ಹೋದರು.

ಉಳಿದ ಎರಡು ವರ್ಷ ನಾನು ಪುಸ್ತಕ ನೋಡದೆ ಯಾರಿಗೂ ಉತ್ತರ ಕೊಡಲಿಲ್ಲ. "ಪದ್ದಣ್ಣನಿಗೆ ಪ್ರಾಯ ಆಯ್ತು" ಎಂದು ಜನ ಆಡಿಕೊಂಡರು, ಆಡಿಕೊಳ್ಳಲಿ. ಕಿರಿಯರಿಗೆ ನಾನು ಹೇಳುವುದಿಷ್ಟೇ: ನಿಯಮ ಮೀರುವವರು ಕಿಟಕಿಗೆ ಬಂದು ಕೇಳುವುದಿಲ್ಲ. ಕೇಳುವವರು ನಿಮ್ಮ ಮಾತಿನಂತೆ ನಡೆಯುತ್ತಾರೆ, ಆದ್ದರಿಂದ ನಿಮ್ಮ ಅವಸರದ ಫಲ ಉಣ್ಣುವವರೂ ಅವರೇ. ಇದನ್ನು ಕಲಿಯಲು ನನಗೆ ಒಂದು ಕುಟುಂಬದ ಕೊನೆಯ ಆಸೆ ಬೇಕಾಯಿತು. ಅಷ್ಟು ಕೊಟ್ಟು ಕಲಿತ ಪಾಠವನ್ನು ಅನುಭವ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಕುಸುಮಕ್ಕ ಈಗಲೂ ಇದ್ದಾರೆ, ಗಟ್ಟಿಯಾಗಿಯೇ ಇದ್ದಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡುತ್ತಾರಂತೆ. ಅವತ್ತಿನ ನಂತರ ಅವರು ನನ್ನ ಕಿಟಕಿಗೆ ಒಮ್ಮೆಯೂ ಏನನ್ನೂ ಕೇಳಲು ಬರಲಿಲ್ಲ.