ಮೂರನೇ ಕೂಗಿಗೆ ತಿರುಗಿದವಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಅವಳನ್ನು ದೆವ್ವ ಮಾಡಿದವನು ನಾನೇ. ಮೂವತ್ತೆರಡು ವರ್ಷದಿಂದ ಸಿನಿಮಾ ಸ್ಟುಡಿಯೊದಲ್ಲಿ ಮೇಕಪ್ ಮಾಡುತ್ತಿದ್ದೇನೆ. ಎಷ್ಟು ರಾಜರು, ಎಷ್ಟು ಕಳ್ಳರು, ಎಷ್ಟು ಹೆಣಗಳು ಈ ಕೈಯಿಂದ ಎದ್ದು ಹೋಗಿವೆಯೋ ಲೆಕ್ಕವಿಲ್ಲ. ಆದರೆ ಬಟನಕ್ಕನ ಮುಖಕ್ಕೆ ಬೂದಿ ಬಣ್ಣ ಬಳಿದು ಪಟ್ಟಷ್ಟು ಸಂಕಟ ಇನ್ಯಾವುದಕ್ಕೂ ಪಟ್ಟಿಲ್ಲ.

ಬಟನಕ್ಕ ನಮ್ಮ ಸ್ಟುಡಿಯೊದ ದರ್ಜಿ. ಅರವತ್ತರ ಹತ್ತಿರದ ವಯಸ್ಸು, ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು. ಹೀರೋ ಹೊಡೆದಾಟಕ್ಕೆ ನಿಲ್ಲುವ ಮೊದಲು ಅವನ ಅಂಗಿಯ ಬಟನ್ ಎಳೆದು ನೋಡುವವಳು ಇವಳೇ, ಹಾಗಾಗಿ ಆ ಹೆಸರು. ‘ಅಜ್ಜಿಗೆ ಅರಿವೆ ಚಿಂತೆ’ ಅನ್ನುವ ಗಾದೆ ಇವಳನ್ನು ನೋಡಿಯೇ ಹುಟ್ಟಿರಬೇಕು. ಹೆದರಿಸುವ ಸಿನಿಮಾ ಬಂತೆಂದರೆ ಒಂದೇ ಬಟ್ಟೆಯನ್ನು ಮೂರು ಸಲ ಹೊಲಿಯಬೇಕು: ಒಂದು ಚೊಕ್ಕಟದ್ದು, ಒಂದು ಹರಿದದ್ದು, ಒಂದು ರಕ್ತ ಮೆತ್ತಿದ್ದು. ರಕ್ತ ಅಂದರೆ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ. ಬೆಳಿಗ್ಗೆ ಬಂದು ನೋಡಿದರೆ ಇರುವೆ ಸಾಲುಗಟ್ಟಿರುತ್ತಿತ್ತು. “ನಿನ್ನ ರಕ್ತ ಕುಡಿಯೋಕೆ ದೆವ್ವ ಬರಲ್ಲ ತಮ್ಮಾ, ಇರುವೆ ಬರ್ತವೆ” ಎಂದು ನನ್ನನ್ನು ಛೇಡಿಸುತ್ತಿದ್ದಳು. ಇಪ್ಪತ್ತು ವರ್ಷ ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡಿದ್ದೇವೆ. ನನಗೆ ಸ್ವಂತ ಅಕ್ಕ ಇಲ್ಲ, ಆ ಕೊರತೆ ಎಂದೂ ಕಾಣಲಿಲ್ಲ.

ಕಳೆದ ವರ್ಷ ಒಬ್ಬ ಹೊಸ ನಿರ್ದೇಶಕ ಬಂದ. ಗಡ್ಡ ಇನ್ನೂ ಸರಿಯಾಗಿ ಬಂದಿರಲಿಲ್ಲ, ಮಾತು ಮಾತ್ರ ಮೊಳದುದ್ದ. ಆದರೂ ಕೆಲಸ ಬಲ್ಲವನು, ಸುಳ್ಳು ಯಾಕೆ ಹೇಳಲಿ. ಬೇರೆಯವರ ಹಾಗೆ ಮೊದಲು ಬೆಕ್ಕನ್ನು ಹಾರಿಸಿ, ಜನ ಉಸಿರು ಬಿಟ್ಟ ಮೇಲೆ ದಢಾರ್ ಎಂದು ಸದ್ದು ಮಾಡಿ ಹೆದರಿಸುವುದು ಅವನಿಗೆ ಬೇಕಿರಲಿಲ್ಲ. ಆ ದಢಾರ್ ಕಂಡರೆ ನನಗೂ ಮೈಯೆಲ್ಲ ಉರಿ. ಕಿವಿಯ ಹತ್ತಿರ ತಟ್ಟೆ ಬಡಿದರೆ ಯಾರು ಬೆಚ್ಚುವುದಿಲ್ಲ ಸ್ವಾಮಿ? ಅದೂ ಒಂದು ವಿದ್ಯೆಯೇ? “ಭಯ ದೆವ್ವದಲ್ಲಿಲ್ಲ ಸಾರ್, ದೆವ್ವಕ್ಕೆ ಮುಂಚೆ ಇದೆ. ಕಾಯಿಸಬೇಕು” ಎನ್ನುತ್ತಿದ್ದ. 

ಅವನ ಸಿನಿಮಾದಲ್ಲಿ ದೆವ್ವ ಒಬ್ಬ ಅಜ್ಜಿ. ಆ ಪಾತ್ರದವರು ಶೂಟಿಂಗಿನ ಮೊದಲ ದಿನವೇ ಕಾಲು ಉಳುಕಿಸಿಕೊಂಡರು. ದೆವ್ವದ ಬಿಳಿ ನಿಲುವಂಗಿಯನ್ನು ಬಟನಕ್ಕ ತನ್ನ ಮೈಗೇ ಹಿಡಿದು ಅಳತೆ ನೋಡಿದ್ದಳು. “ಇವರೇ ನಿಲ್ಲಲಿ” ಎಂದ ನಿರ್ದೇಶಕ. ಇವಳು ಒಲ್ಲೆ ಒಲ್ಲೆ ಎಂದರೂ ನಾನೇ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ತುಟಿಯ ಕೆಂಪು ಅಳಿಸಿದೆ, ಕಣ್ಣ ಕೆಳಗೆ ಬೂದಿ ಬಣ್ಣ ಒತ್ತಿದೆ, ಕೂದಲು ಬಿಚ್ಚಿದೆ. ಉಳಿದದ್ದನ್ನು ಕೆಳಗಿನಿಂದ ಬಿಟ್ಟ ಲೈಟು ಮಾಡಿತು. ಮುಖಕ್ಕೆ ಕೆಳಗಿನಿಂದ ಬೆಳಕು ಬಿದ್ದರೆ ಹೆತ್ತ ತಾಯಿಯೂ ದೆವ್ವವೇ.

ಅಡುಗೆಮನೆಯ ಸೀನು. ಅಜ್ಜಿ ಕ್ಯಾಮೆರಾಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಾಳೆ. ಮೊಮ್ಮಗಳ ಪಾತ್ರದ ಮಗು ಬಾಗಿಲಲ್ಲಿ ನಿಂತು ಮೆಲ್ಲಗೆ “ಅಜ್ಜಿ” ಎನ್ನುತ್ತದೆ. ಅಜ್ಜಿ ಅಲುಗುವುದಿಲ್ಲ. ಇನ್ನೊಮ್ಮೆ “ಅಜ್ಜಿ”. ಊಹೂಂ. ಮೂರನೇ ಸಲ ಜೋರಾಗಿ ಕೂಗಿದಾಗ ನಿಧಾನಕ್ಕೆ ತಿರುಗುತ್ತಾಳೆ. ಬಟನಕ್ಕ ಒಂದೇ ಸಲಕ್ಕೆ ಓಕೆ ಮಾಡಿದಳು. ಭುಜ ಕೂಡ ಮಿಸುಕಲಿಲ್ಲ. “ಎಂಥ ಟೈಮಿಂಗು! ಎರಡು ಕೂಗು ಹೀಗೆ ಸುಮ್ನೆ ಬಿಡೋ ತಾಳ್ಮೆ ಯಾವ ನಟಿಗೂ ಇಲ್ಲ” ಎಂದು ನಿರ್ದೇಶಕ ಕುಣಿದಾಡಿಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನಂತೂ ನನ್ನ ಅಕ್ಕನೇ ಬಹುಮಾನ ಗೆದ್ದಳೇನೋ ಎಂಬಂತೆ ಬೀಗಿದೆ.

ಸಿನಿಮಾ ಓಡಿತು. ಬಟನಕ್ಕನ ಮನೆಯಲ್ಲಿ ಮಾತ್ರ ಬೇರೆಯದೇ ನಡೆಯಿತು. ಅವಳ ಆರು ವರ್ಷದ ಮೊಮ್ಮಗಳು ಪುಟ್ಟಿ ಯಾರದೋ ಮೊಬೈಲಿನಲ್ಲಿ ಆ ಸೀನು ನೋಡಿಬಿಟ್ಟಳು. ಅಜ್ಜಿಯ ಸೆರಗು ಹಿಡಿಯದೆ ಮಲಗದ ಮಗು ಅವತ್ತಿನಿಂದ ಅವಳ ನೆರಳು ಕಂಡರೆ ಚೀರತೊಡಗಿತು. ಅಜ್ಜಿ ಕೊಟ್ಟ ತುತ್ತು ಬಾಯಿಗಿಡಲಿಲ್ಲ. ಭಯ ಇಂದು ಹೋದೀತು, ನಾಳೆ ಹೋದೀತು ಎಂದು ಒಂದು ತಿಂಗಳು ಕಾದರು. ಕೊನೆಗೆ ಮಗ, ಒಳ್ಳೆಯವನೇ ಪಾಪ, ತಲೆ ತಗ್ಗಿಸಿಕೊಂಡು, “ಸ್ವಲ್ಪ ದಿನ ಚಿಕ್ಕಮ್ಮನ ಊರಲ್ಲಿ ಇರಮ್ಮಾ” ಎಂದ. ಭಾನುವಾರದ ಬಸ್ಸಿಗೆ ಟಿಕೆಟ್ಟೂ ಆಯಿತು.

ಬುಧವಾರ ನನ್ನ ಪಕ್ಕ ಕೂತು ಇದನ್ನೆಲ್ಲ ಹೇಳಿದಳು. ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. “ಸ್ವಲ್ಪ ದಿನ ಅಂತಾನೆ. ಮಕ್ಕಳು ಮರೆಯೋಕೆ ಎಷ್ಟು ಹೊತ್ತು ಬೇಕು ತಮ್ಮಾ? ನಾನು ವಾಪಸ್ ಬರೋ ಹೊತ್ತಿಗೆ ಅದಕ್ಕೆ ನಾನ್ಯಾರೋ” ಎಂದು ಅತ್ತುಬಿಟ್ಟಳು. ಮಾಡಿದವನೇ ಬಿಡಿಸಬೇಕು ಅನ್ನಿಸಿ, “ಶನಿವಾರ ಮಗುನ ಇಲ್ಲಿಗೆ ಕರ್ಕೊಂಡ್ ಬಾ ಅಂತ ಮಗನಿಗೆ ಹೇಳು. ಅದರ ಕಣ್ಣೆದುರಿಗೇ ನಿನಗೆ ಬಣ್ಣ ಹಚ್ತೀನಿ, ಅದರ ಕಣ್ಣೆದುರಿಗೇ ಅಳಿಸ್ತೀನಿ. ಭಯ ಎಲ್ಲಿರುತ್ತೆ ನೋಡೋಣ” ಎಂದೆ.

ಶನಿವಾರ ಬೆಳಿಗ್ಗೆ ಮಗ ಪುಟ್ಟಿಯನ್ನು ಕರೆತಂದ. ಅವಳಿಗೆ ನಾನು ಬಣ್ಣದ ತಾತ, ನನ್ನ ಮೇಲೆ ಭಯವಿಲ್ಲ. ನನ್ನ ಕಾಲಿಗೆ ಅಂಟಿಕೊಂಡು ನಿಂತಳು. ಕನ್ನಡಿಯ ಸುತ್ತಲ ಬಲ್ಬೆಲ್ಲ ಹಾಕಿ, ಬಟನಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಶುರು ಮಾಡಿದೆ. ತುಟಿಗೆ ಬಿಳಿ, ಕಣ್ಣಿಗೆ ಬೂದಿ. ಪುಟ್ಟಿಯ ಕೈಗೂ ಒಂದು ಗಾಯ ಬರೆದುಕೊಟ್ಟೆ. ಪಾಕದ ರಕ್ತ ನೆಕ್ಕಿ “ಸಿಹಿ!” ಎಂದು ನಕ್ಕಳು. ಬ್ಯಾಟರಿಯನ್ನು ಗದ್ದದ ಕೆಳಗೆ ಹಿಡಿದು ನಾನೇ ದೆವ್ವವಾದೆ, ಅದಕ್ಕೂ ನಕ್ಕಳು. ಗೆದ್ದೆ ಅಂದುಕೊಂಡೆ. ಬಟನಕ್ಕ ಮೂಲೆಯ ಬೇಸಿನ್ನಿನಲ್ಲಿ ಮುಖ ತೊಳೆಯಲು ಹೋದಳು.

“ನೋಡಿದ್ಯಾ ಪುಟ್ಟಿ? ಬರೀ ಬಣ್ಣ. ಈಗ ಹೋಗಿ ಅಜ್ಜಿನ ತಬ್ಕೋ.”

ಪುಟ್ಟಿ ತಲೆ ಅಲ್ಲಾಡಿಸಿದಳು. “ಬಣ್ಣ ಅಂತ ನಂಗೊತ್ತು ತಾತ. ಆದ್ರೆ ಅದು ನಮ್ಮಜ್ಜಿ ಅಲ್ಲ.”

“ಅಯ್ಯೋ ಮಂಕೇ, ಮತ್ತೆ ಯಾರು?”

“ಸಿನಿಮಾದವಳು. ಅವಳು ನಮ್ಮನೆಗೆ ಬಂದಿದ್ದಾಳೆ. ನಮ್ಮಜ್ಜಿ ಅಲ್ಲೇ ಉಳ್ಕೊಂಡಿದ್ದಾಳೆ.” ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದಳು. “ನಮ್ಮಜ್ಜಿ ಕರೆದ್ರೆ ತಿರುಗ್ತಾಳೆ. ಇವಳು ತಿರುಗಲ್ಲ. ಬೇಕಾದ್ರೆ ನೋಡು.”

ಬಟನಕ್ಕ ನಮಗೆ ಬೆನ್ನು ಮಾಡಿ ನಿಂತಿದ್ದಳು. ನಲ್ಲಿ ನಿಲ್ಲಿಸಿದ್ದಳು, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಕೋಣೆಯಲ್ಲಿ ಒಂದು ಸದ್ದಿಲ್ಲ.

“ಅಜ್ಜಿ” ಎಂದಳು ಪುಟ್ಟಿ. ಅವಳು ತಿರುಗಲಿಲ್ಲ. “ಅಜ್ಜಿ.” ತಿರುಗಲಿಲ್ಲ. ಪುಟ್ಟಿಯ ಉಗುರು ನನ್ನ ತೊಡೆಗೆ ನಾಟಿತು. “ಅಕ್ಕಾ” ಎಂದೆ ನಾನು. ಇಲ್ಲ. ಗಂಟಲು ಹರಿಯುವ ಹಾಗೆ “ಅಕ್ಕಾ!” ಎಂದಾಗ ನಿಧಾನಕ್ಕೆ ತಿರುಗಿದಳು, ಒದ್ದೆ ಮುಖ, ಬಿಚ್ಚಿದ ಕೂದಲು. ಪುಟ್ಟಿ ಕಣ್ಣು ಮುಚ್ಚಿಕೊಂಡಳು.

ನನಗೆ ಎಲ್ಲಾ ಒಂದೇ ಏಟಿಗೆ ಅರ್ಥವಾಯಿತು. ಟೈಮಿಂಗಂತೆ, ತಾಳ್ಮೆಯಂತೆ! ಎದುರಿಗೆ ಹೋಗಿ ನಿಂತೆ. “ಎಷ್ಟು ದಿನದಿಂದ ಕೇಳಿಸ್ತಿಲ್ಲ ನಿಂಗೆ?”

ಅವಳು ಮಗನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. “ಬಲಗಿವಿ ಹೋಗಿ ಎರಡು ವರ್ಷ. ಎಡದ್ದೂ ಹೋದ ವರ್ಷದಿಂದ ಮಂದ ಆಗಿದೆ. ಎದುರಿಗಿದ್ರೆ ತುಟಿ ನೋಡಿ ತಿಳ್ಕೋತೀನಿ. ಅವತ್ತು ಆ ಮಗು ಕೂಗಿದ್ದು ನಂಗೆ ಕೇಳಿಸಿದ್ದು ಮೂರನೇ ಸಲ ಮಾತ್ರ.”

“ಮತ್ತೆ ಬಾಯಿ ಬಿಟ್ಟು ಹೇಳೋಕೇನು ರೋಗ ನಿಂಗೆ?” ಎಂದು ಕಿರುಚಾಡಿದೆ. ಸಿಟ್ಟಲ್ಲ ಅದು. ಪಕ್ಕದಲ್ಲೇ ಕೂತು ಉಂಡು ಎರಡು ವರ್ಷ ನನಗೇ ಗೊತ್ತಾಗಲಿಲ್ಲವಲ್ಲ ಎಂಬ ನಾಚಿಕೆ.

“ಸೈಲೆನ್ಸ್ ಅಂದಾಗ ಮಿಶಿನ್ ನಿಲ್ಲಿಸದ ಕಿವುಡೀನ ಯಾರು ಇಟ್ಕೋತಾರೆ ತಮ್ಮಾ? ಇವನಿಗೆ ಹೇಳಿದ್ರೆ ಮನೇಲಿ ಕೂತ್ಕೋ ಅಂತಾನೆ. ಕೆಲಸ ಬಿಟ್ಟು ನಾನು ಬದುಕ್ತೀನಾ?”

ನಾನು ಪುಟ್ಟಿಯನ್ನು ತೋರಿಸಿ, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದೆ: “ಅದು ನಿನ್ನ ಬಣ್ಣಕ್ಕೆ ಹೆದರಿಲ್ಲ ಅಕ್ಕ. ಕರೆದರೆ ನೀನು ತಿರುಗಲ್ಲ, ಅದಕ್ಕೆ ಹೆದರಿದೆ. ತನ್ನ ಅಜ್ಜಿ ಸಿನಿಮಾದಲ್ಲೇ ಉಳಿದುಬಿಟ್ಲು ಅಂದ್ಕೊಂಡಿದೆ.”

ಬಟನಕ್ಕನ ಮುಖ ಹೇಗಾಯಿತೆಂದರೆ, ನನ್ನ ಪೆಟ್ಟಿಗೆಯ ಯಾವ ಬಣ್ಣಕ್ಕೂ ಅದನ್ನು ಬರೆಯಲು ಆಗದು. ಎರಡು ವರ್ಷ ಮುಚ್ಚಿಟ್ಟ ಮಾತನ್ನು ಆರು ವರ್ಷದ ಮಗುವಿಗೆ ಹೇಳಬೇಕಾಯಿತು. ನೆಲದ ಮೇಲೆ ಕೂತಳು. “ಪುಟ್ಟೀ, ಅಜ್ಜಿಗೆ ಕಿವಿ ಕೇಳಿಸಲ್ಲ ಕಣೆ. ನೀನು ಕರೆದಿದ್ದು ಕೇಳಿಸ್ಲೇ ಇಲ್ಲ. ಕೇಳಿಸಿದ್ರೆ ತಿರುಗದೆ ಇರ್ತಿದ್ನಾ, ನನ್ನ ಬಂಗಾರ?”

ಪುಟ್ಟಿ ಬೆರಳ ಸಂದಿಯಿಂದ ನೋಡಿದಳು. “ಹಾಗಾದ್ರೆ ಮನೆಗೆ ಬಂದಿದ್ದು ನೀನೇನಾ?”

“ನಾನೇ ಕಣೆ. ದಿನಾ ನಾನೇ ಬಂದಿದ್ದು.”

ಮಗು ನನ್ನ ಕಾಲು ಬಿಟ್ಟಿತು. ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋಗಿ, ಅಜ್ಜಿಯ ಹಿಂದೆ ನಿಂತು “ಅಜ್ಜಿ” ಎಂದಿತು. ಅವಳಿಗೆ ಕೇಳಿಸಲಿಲ್ಲ. ಮಗು ನಮ್ಮ ಕಡೆ ನೋಡಿ ದೊಡ್ಡವರ ಹಾಗೆ ತಲೆ ಆಡಿಸಿತು. ಆಮೇಲೆ ಸುತ್ತಿಕೊಂಡು ಎದುರಿಗೆ ಬಂದು, ಅವಳ ಒದ್ದೆ ಕೂದಲು ಸರಿಸಿ, ಎಡಗಿವಿಗೆ ಎರಡೂ ಕೈ ಗೂಡು ಮಾಡಿ ಹಿಡಿದು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿತು: “ಅಜ್ಜೀ!”

“ಕೇಳಿಸ್ತು ಕಣೆ! ಕೇಳಿಸ್ತು!” ಎಂದು ಬಟನಕ್ಕ ಅದನ್ನು ಬಾಚಿ ತಬ್ಬಿಕೊಂಡಳು. ಮಗ ಅಳುತ್ತಲೇ ಜೇಬಿನಿಂದ ಬಸ್ಸಿನ ಟಿಕೆಟ್ ತೆಗೆದು ಹರಿದ.

ಪಕ್ಕದ ಫ್ಲೋರಿನಲ್ಲಿ ಶೂಟಿಂಗ್ ನಡೆಯುತ್ತಿತ್ತು. “ಕಟ್! ಕಟ್!” ಎಂದು ಯಾರೋ ಅರಚಿದರು. ಸೌಂಡಿನವನು ಬಾಗಿಲು ತಳ್ಳಿಕೊಂಡು ಬಂದು, “ಯಾರ್ರೀ ಅದು ಕೂಗಿದ್ದು? ಒಳ್ಳೇ ಟೇಕ್ ಹಾಳಾಯ್ತಲ್ರೀ!” ಎಂದು ಹಾರಾಡಿದ. ಸೈಲೆನ್ಸ್ ಅಂದಾಗ ಮೂಗಿನ ತುದಿಗೆ ಬಂದ ಸೀನನ್ನೂ ನುಂಗಿಕೊಂಡವನು ನಾನು, ಮೂವತ್ತೆರಡು ವರ್ಷ.

“ಹೋಗಯ್ಯ, ಇನ್ನೊಂದ್ಸಲ ತೆಗಿ” ಎಂದೆ.