ಈಜು ಮೇಷ್ಟರ ಚಳಿಗಾಲ

ದೂರದ ತೆಂಕಣ ದೇಶದ ಗುಡ್ಡಗಾಡಿನ ಪಟ್ಟಣ ಮಾಸೇರುವಿಗೆ ಬಂದಿಳಿದಾಗ ಯೋತಾಮುವಿನ ಪೆಟ್ಟಿಗೆಯಲ್ಲಿದ್ದದ್ದು ಈಜಿನ ಚಡ್ಡಿಗಳು, ಬನಿಯನ್ನುಗಳು, ಒಂದು ಸೀಟಿ, ಮತ್ತೆ ಉಸಿಪಾ ಅನ್ನುವ ಪುಟ್ಟ ಒಣಮೀನಿನ ದೊಡ್ಡದೊಂದು ಗಂಟು. ಸ್ವೆಟರ್ ಕೂಡ ಒಂದಿತ್ತು. ಅದನ್ನು ಅಕ್ಕ ಬಲವಂತವಾಗಿ ತುರುಕಿದ್ದಳು. ಮಲಾವಿ ಸರೋವರದ ದಡದಲ್ಲಿ ಹುಟ್ಟಿ ನಲವತ್ತು ವರ್ಷ ಅಲ್ಲೇ ಬೆಳೆದವನಿಗೆ ಚಳಿಯೆಂದರೆ ಅಲ್ಲಿನ ಚಳಿಗಾಲವಾದ ಜೂನ್ ತಿಂಗಳ ಗಾಳಿ. ಒಂದು ಸ್ವೆಟರಿಗೆ ಹೆದರಿ ಓಡುವಂಥದ್ದು.

ಊರಿನಲ್ಲಿ ಅವನು ದಡದ ಹೋಟೆಲೊಂದರಲ್ಲಿ ಬಂದವರಿಗೆ ಈಜು ಕಲಿಸುತ್ತಿದ್ದ. ರಜೆಗೆಂದು ಬಂದಿದ್ದ ಮಾಸೇರುವಿನ ಶಾಲೆಯೊಂದರ ಹೆಡ್ ಮೇಡಂ ನೀರು ಕಂಡರೆ ನಡುಗುವ ಹೆಂಗಸು. ಯೋತಾಮು ಆಕೆಯನ್ನು ನೀರಿನ ಮೇಲೆ ಅಂಗಾತ ತೇಲಿಸಿ ಆಕಾಶ ನೋಡಿಸಿದ. ಮೇಲೆದ್ದು ಬಂದ ಮೇಡಂ, "ನಮ್ಮ ಶಾಲೇಲಿ ಹೊಸದಾಗಿ ಕೊಳ ಕಟ್ಟಿದೀವಿ, ಬಂದ್ಬಿಡಿ" ಅಂದಳು. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ತನ್ನವರು ಅಂತ ಇದ್ದದ್ದು ಅಕ್ಕ ಮತ್ತು ಸೋದರಮಾವ ಯೆಸಾಯಾ. ಮಾವ ಹೋಗು ಅಂದ, ಇವನು ಹೊರಟ.

ಮೊದಲ ತಿಂಗಳುಗಳು ಹಬ್ಬದ ಹಾಗೆ ಕಳೆದವು. ಬೇಸಗೆಯ ಬಿಸಿಲು, ನೀಲಿ ಕೊಳ, ಅದರ ತುಂಬ ಕಿರುಚುವ ಮಕ್ಕಳು. ಅವರು ಅವನಿಗೆ ನ್ತಾತೆ ಮೆತ್ಸಿ ಅಂತ ಹೆಸರಿಟ್ಟರು, ಅಂದರೆ ನೀರಪ್ಪ. ಪೇಟೆ ಬೀದಿಯಲ್ಲಿ ಕಂಡರೂ "ನೀರಪ್ಪಾ" ಅಂತ ಕೂಗಿ ಕೈಬೀಸುತ್ತಿದ್ದರು. ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನು ಸೀಟಿ ಕೊರಳಿಗೆ ಹಾಕಿಕೊಂಡು ಹೋದರೆ, ತೋಟದ ಮುದುಕ ಕೊಳದ ಮೇಲೆ ದಪ್ಪ ಟಾರ್ಪಾಲು ಎಳೆದು ಕಟ್ಟುತ್ತಿದ್ದ.

"ಏನಾಯ್ತು ಅಪ್ಪಾ, ನೀರು ಕೆಟ್ಟೋಯ್ತಾ?"

"ಚಳಿ ಬಂತಲ್ಲ. ಇನ್ನು ಇದನ್ನ ತೆಗೆಯೋದು ಸೆಪ್ಟೆಂಬರಿಗೇ."

"ಅಲ್ಲೀವರೆಗೂ ನಾನೇನ್ ಮಾಡ್ಲಿ?"

ಮುದುಕ ಹಗ್ಗದ ಗಂಟು ಬಿಗಿಯುತ್ತ, "ನೀನೂ ಮೇಲೆ ಒಂದು ಟಾರ್ಪಾಲು ಎಳ್ಕೊಂಡು ಮಲ್ಕೋ" ಅಂದ.

ಹೆಡ್ ಮೇಡಂ ಒಳ್ಳೆಯವಳು, ಸಂಬಳ ನಿಲ್ಲಿಸಲಿಲ್ಲ. ಪುಸ್ತಕದ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಕೊಟ್ಟಳು. ಆ ಸೀಮೆಯಲ್ಲಿ ಚಳಿಗಾಲದ ಸೂರ್ಯ ಬಡಗಣದಲ್ಲಿ. ಆ ದಿಕ್ಕಿನ ಕಿಟಕಿಯ ಬಿಸಿಲನ್ನೆಲ್ಲ ಪುಸ್ತಕ ನೋಡಿಕೊಳ್ಳುವ ಹೆಂಗಸು ತನ್ನ ಮೇಜಿಗೆ ಹಿಡಿದುಕೊಂಡಿದ್ದರಿಂದ ಅವನಿಗೆ ಸಿಕ್ಕಿದ್ದು ಗೋಡೆಯ ಮೂಲೆ. ಗೋಂದು ಹಚ್ಚುವ ಬೆರಳುಗಳು ಬಿರಿದು ರಕ್ತ ಬರುತ್ತಿತ್ತು. ಸಂತೆಯಲ್ಲಿ ಕೊಂಡ ದೊಗಳೆ ಕೋಟು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಓಡಾಡುವವನನ್ನು ಮಕ್ಕಳು ಗುರುತಿಸದೆ ಪಕ್ಕದಲ್ಲೇ ಹಾದುಹೋದರು. ಬರಿಮೈಯಲ್ಲೋ ಬನಿಯನ್ನಿನಲ್ಲೋ ಇದ್ದ ನೀರಪ್ಪನನ್ನು ಅವರು ಬಲ್ಲರು. ಈ ಕೋಟಿನವನು ಯಾರೋ ಏನೋ.

ಅವನು ಬಾಡಿಗೆಗಿದ್ದದ್ದು ಮಾಖೋತ್ಸಮ್ಮ ಅನ್ನುವ ವಿಧವೆಯ ವಠಾರದ ಕೊನೆಯ ಕೋಣೆಯಲ್ಲಿ. ಮಾಖೋತ್ಸಮ್ಮನ ಬಾಯಿಗೆ ಬೀಗವಿರಲಿಲ್ಲ. ಅವನು ಉಸಿಪಾ ಹುರಿದ ದಿನ ತಪ್ಪದೆ ಬಾಗಿಲಿಗೆ ಬರುತ್ತಿದ್ದಳು.

"ನನ್ ಗೋಡೆಗೆಲ್ಲ ವಾಸನೆ ಹತ್ಸಿಬಿಟ್ಯಲ್ಲೋ. ನಾಳೆ ಇನ್ನೊಬ್ಬ ಬಾಡಿಗೆಗೆ ಬಂದ್ರೆ, ಇಲ್ಲೇನು ಮೀನಂಗಡಿ ಇತ್ತಾ ಅಂತಾನೆ."

"ಸ್ವಲ್ಪ ರುಚಿ ನೋಡಮ್ಮ."

"ತಟ್ಟೇಲಿ ಕೂತು ಕಣ್ ಬಿಟ್ಕೊಂಡು ನನ್ನೇ ನೋಡೋದನ್ನ ನಾನು ತಿನ್ನಲ್ಲಪ್ಪ. ಆ ಸೀಮೆಎಣ್ಣೆ ಹೀಟರ್ ಹಚ್ಚಿದಾಗ ಕಿಟಕಿ ಒಂಚೂರು ತೆಗೆದಿಡು. ಹೊಗೆ ತುಂಬಿ ಸತ್ತೋದ್ರೆ ನಿನ್ ಹೆಣ ಯಾವೂರಿಗೆ ಕಳಿಸ್ಲಿ ನಾನು?"

ಈ ಬೈಗುಳ ಬಿಟ್ಟರೆ ಅವನ ಕಿವಿಗೆ ಬೀಳುವ ಮಾತು ಕಡಿಮೆಯೇ. ಅವನ ಊರಿನಲ್ಲಿ ಸಂಜೆಯೆಂದರೆ ಜನ ಹೊರಗೆ ಬರುವ ಹೊತ್ತು. ಇಲ್ಲಿ ಸಂಜೆಯೆಂದರೆ ಬಾಗಿಲು ಹಾಕಿಕೊಳ್ಳುವ ಹೊತ್ತು. ಕಂಬಳಿ ಹೊದ್ದವರು ಕಣ್ಣಷ್ಟೇ ಕಾಣಿಸುತ್ತ ಬಿರಬಿರನೆ ಮನೆ ಸೇರುತ್ತಿದ್ದರು. ಕೊಳವೆಗಳಿಂದ ಹೊಗೆ ಏಳುತ್ತಿತ್ತು, ಒಳಗಿನಿಂದ ನಗು ಕೇಳುತ್ತಿತ್ತು. ಶುಕ್ರವಾರ ಶಾಲೆ ಬಿಟ್ಟಮೇಲೆ ಸುಮ್ಮನಾದ ಬಾಯಿ ಸೋಮವಾರವೇ ತೆರೆಯುವುದು. ಒಂದು ಸೋಮವಾರ ಗೇಟಿನವನಿಗೆ ನಮಸ್ಕಾರ ಹೇಳಹೋದರೆ ಗಂಟಲಿಂದ ಸ್ವರವೇ ಹೊರಡಲಿಲ್ಲ. ಕೆಮ್ಮಿ ಎರಡನೆಯ ಸಲ ಹೇಳಬೇಕಾಯಿತು.

ಎಲ್ಲಕ್ಕಿಂತ ಅವನನ್ನು ಹಿಂಡಿದ್ದು ನೀರಿನ ಹಸಿವು. ಒಂದು ಭಾನುವಾರ ತಡೆಯಲಾರದೆ ಊರ ಅಂಚಿನ ಮೊಹೊಕಾರೆ ಹೊಳೆಗೆ ನಡೆದುಹೋದ. ಆಚೆ ದಡ ಬೇರೆ ದೇಶ. ಹೊಳೆ ಸೊರಗಿ ಕಲ್ಲುಗಳ ನಡುವೆ ಕಾಲ್ಗಿಣ್ಣಷ್ಟು ನೀರು ಹರಿಯುತ್ತಿತ್ತು. ಅವನು ಪ್ಯಾಂಟು ಮಡಚಿ ಅದರಲ್ಲಿ ಇಳಿದು ನಿಂತ. ಕಾಲು ಮರಗಟ್ಟುವವರೆಗೂ ನಿಂತಿದ್ದು, ಮುಖ ತೊಳೆದುಕೊಂಡು ವಾಪಸು ಬಂದ.

ಜೂನ್ ಕೊನೆಯಲ್ಲಿ ಒಂದು ಮುಂಜಾನೆ ಟಾರ್ಪಾಲಿನ ಮೂಲೆ ಎತ್ತಿ ನೋಡಿದರೆ ಕೊಳದ ನೀರು ಹೆಪ್ಪುಗಟ್ಟಿತ್ತು. ಬೆರಳಿಂದ ಒತ್ತಿದ, ಚಟ್ಟನೆ ಬಿರಿಯಿತು. ಆ ಸೋಜಿಗವನ್ನು ಹೇಳಿಕೊಳ್ಳಲು ಅಕ್ಕಪಕ್ಕ ಯಾರೂ ಇರಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಮಾವನಿಗೆ ಫೋನು ಮಾಡಿದ.

"ಮಾವ, ನೀರು ಮುರೀತು."

"ಬೆಳ್‍ಬೆಳಿಗ್ಗೇನೇ ಹಾಕ್ಕೊಂಡ್ ಕೂತಿದೀಯೇನೋ?"

"ಇಲ್ಲ ಮಾವ, ನಿನ್ನಾಣೆ. ಗಾಜಿನ ಥರ ಒಡೀತು. ಕೈಯಲ್ಲಿ ಹಿಡ್ಕೊಂಡಿದೀನಿ."

"ಹಂಗಾದ್ರೆ ಆ ಊರಲ್ಲಿ ನೀರಿಗೆ ಬಿದ್ದವನು ಮುಳುಗಲ್ಲ ಬಿಡು, ಹಲ್ಲು ಮುರ್ಕೋತಾನೆ." ಮಾವ ನಕ್ಕು ನಕ್ಕು ಕೆಮ್ಮಿದ. ಆಮೇಲೆ ದನಿ ತಗ್ಗಿಸಿ, "ಮಾತಾಡೋಕೆ ಜನ ಇದಾರೇನೋ?" ಅಂತ ಕೇಳಿದ.

"ಇದಾರೆ ಮಾವ. ಬೇಕಾದಷ್ಟು ಜನ."

ಐದು ವರ್ಷದವನಿದ್ದಾಗ ಅವನನ್ನು ದೋಣಿಯಿಂದ ನೀರಿಗೆ ತಳ್ಳಿ, ಮುಳುಗುವಾಗ ಕೂದಲು ಹಿಡಿದೆತ್ತಿ, ಮತ್ತೆ ತಳ್ಳಿ ಈಜು ಕಲಿಸಿದವನು ಈ ಮಾವ. ಅಪ್ಪನ ಮುಖ ಯೋತಾಮುವಿಗೆ ನೆನಪಿರಲಿಲ್ಲ. ಗದರಿದ್ದು, ಮದುವೆ ಮಾಡಿಸಿದ್ದು, ಮದುವೆ ಮುರಿದಾಗ ಪಕ್ಕದಲ್ಲಿ ಸುಮ್ಮನೆ ಕೂತಿದ್ದು ಎಲ್ಲ ಅವನೇ. ಜುಲೈ ನಡುವೆ ಒಂದು ಬುಧವಾರ, ರಟ್ಟು ಕತ್ತರಿಸುತ್ತಿದ್ದಾಗ ಅಕ್ಕನ ಫೋನು ಬಂತು. ಮಾವ ಬಲೆ ಹೊಲಿಯುತ್ತ ಕೂತಲ್ಲೇ ಒರಗಿದನಂತೆ, ಅಷ್ಟೆ. ನಾಳೆಯೇ ಮಣ್ಣು.

"ನೀನು ಬರಕಾಗಲ್ಲ ಅಂತ ಎಲ್ರಿಗೂ ಗೊತ್ತು ತಮ್ಮ. ಬಸ್ಸಲ್ಲಿ ಬರೋಷ್ಟರಲ್ಲಿ ಗೋರಿ ಮೇಲೆ ಹುಲ್ಲು ಬಂದಿರುತ್ತೆ. ಸುಮ್ನಿರು" ಅಂದಳು ಅಕ್ಕ. ಅವಳ ಹಿಂದೆ ಹೆಂಗಸರ ಅಳು ಕೇಳುತ್ತಿತ್ತು. ಅಲ್ಲಿ ಅಷ್ಟು ಜನ ಒಟ್ಟಿಗೆ ಅಳುತ್ತಿದ್ದಾರಲ್ಲ ಅಂತ ಅವನಿಗೆ ಹೊಟ್ಟೆಕಿಚ್ಚಾಯಿತು.

ಅವನು ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳುವುದು? ಪುಸ್ತಕದ ಕೋಣೆಯ ಹೆಂಗಸಿಗೆ ಹೇಳಿದರೆ ಅಯ್ಯೋ ಪಾಪ ಅನ್ನುತ್ತಾಳೆ, ಆಮೇಲೆ ಇಬ್ಬರೂ ಎಲ್ಲಿ ನೋಡಬೇಕೋ ತಿಳಿಯದೆ ಕೂರಬೇಕಾಗುತ್ತದೆ. ಕತ್ತರಿ ಎತ್ತಿಕೊಂಡು ಉಳಿದ ರಟ್ಟು ಕತ್ತರಿಸಿದ. ಕಣ್ಣಲ್ಲಿ ನೀರು ಬರಲಿಲ್ಲ. ಗುರುವಾರ, ಶುಕ್ರವಾರವೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮಾಖೋತ್ಸಮ್ಮ ಬಾಗಿಲು ಬಡಿದಳು. ಮೇಲಿನ ಬೀದಿಯ ಮೊಖೇತಿ ಮುದುಕನ ಮಣ್ಣು ಅವತ್ತು. ಆ ಊರಲ್ಲಿ ಮಣ್ಣು ಮಾಡುವುದು ಶನಿವಾರಗಳಲ್ಲೇ, ಸುತ್ತಲಿನವರೆಲ್ಲ ಹೋಗಬೇಕು.

"ಕೋಟು ಹಾಕ್ಕೋ. ಕುರ್ಚಿ ಹೊರೋಕೆ ಗಂಡಸರು ಸಾಲ್ದು."

"ನನಗೆ ಅವರ ಪರಿಚಯ ಇಲ್ವಲ್ಲಮ್ಮ."

"ಸತ್ತವನಿಗೆ ನಿನ್ ಪರಿಚಯ ಮಾಡಿಸ್ಬೇಕಾ ಈಗ? ಎಷ್ಟು ಶನಿವಾರ ತಪ್ಪಿಸ್ಕೊಂಡೆ, ನಾನು ನೋಡಿಲ್ಲ ಅನ್ಕೊಂಡ್ಯಾ? ನಡಿ."

ಗುಡ್ಡದ ಪಕ್ಕದ ಮಸಣದಲ್ಲಿ ಗಾಳಿ ಚರ್ಮ ಸೀಳುವ ಹಾಗೆ ಬೀಸುತ್ತಿತ್ತು. ಪ್ರಾರ್ಥನೆ ಮುಗಿಯಿತು. ಹೆಂಗಸರು ಹಾಡು ಎತ್ತಿಕೊಂಡರು, ಗಂಡಸರು ಸಲಿಕೆ ಹಿಡಿದರು. ಸ್ವಲ್ಪ ಹೊತ್ತು ಒಬ್ಬ ಮಣ್ಣು ಎಳೆಯುವುದು, ದಣಿಯುವ ಮುಂಚೆ ಹಿಂದಿನವನು ಸಲಿಕೆ ಇಸಿದುಕೊಳ್ಳುವುದು ಅಲ್ಲಿನ ರೂಢಿ. ಯೋತಾಮುವಿನ ಕೈಗೂ ಒಂದು ಸಲಿಕೆ ಬಂತು. ತಾನು ಎಳೆದ ಮೊದಲ ಮಣ್ಣು ಶವಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಕೇಳಿದ್ದೇ ತಡ, ಮೂರು ದಿನ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಬಿಚ್ಚಿಕೊಂಡಿತು. ಅವನು ಹುಚ್ಚನ ಹಾಗೆ ಮಣ್ಣು ಎಳೆಯತೊಡಗಿದ.

"ಕೊಡಪ್ಪ, ಸಾಕು" ಅಂದ ಹಿಂದಿನವನು. ಯೋತಾಮು ಕೊಡಲಿಲ್ಲ. ಇನ್ನೊಬ್ಬ ಬಂದು ಹಿಡಿಕೆಗೆ ಕೈಹಾಕಿದ. ಅವನ ಕೈ ಕೊಡವಿ ಮತ್ತೆ ಎಳೆದ. ಕೋಟು ಕಿತ್ತು ಎಸೆದ, ಟೋಪಿ ಎಲ್ಲೋ ಬಿತ್ತು. ಆ ಚಳಿಯಲ್ಲಿ ಅವನ ಅಂಗಿ ಬೆವರಿಂದ ಮೈಗಂಟಿತು. ಬಾಯಿ ತೆರೆದು, ಸಿಂಬಳ ಸುರಿಸುತ್ತ, ಮಗುವಿನ ಹಾಗೆ ದನಿ ತೆಗೆದು ಅಳುತ್ತಿದ್ದ. ಗುಂಡಿ ತುಂಬಿ ದಿಬ್ಬವಾಗುವವರೆಗೂ ಸಲಿಕೆ ಅವನ ಕೈಯಲ್ಲೇ ಇತ್ತು. ಹಾಡುತ್ತಿದ್ದ ಹೆಂಗಸರು ಹಾಡು ತಪ್ಪಿ ಒಬ್ಬರ ಮುಖ ಒಬ್ಬರು ನೋಡಿದರು.

ಸಾವಿನ ಮನೆಗೆ ಹಿಂತಿರುಗುವಷ್ಟರಲ್ಲಿ ಗುಸುಗುಸು ಅವನಿಗಿಂತ ಮುಂದೆ ಹೋಗಿತ್ತು. ಮೊಖೇತಿ ಮುದುಕ ಹರೆಯವನ್ನೆಲ್ಲ ಜೊಹಾನ್ಸ್‌ಬರ್ಗಿನ ಚಿನ್ನದ ಗಣಿಯಲ್ಲಿ ಕಳೆದವನು. ಅಲ್ಲಿ ಮಲಾವಿಯವರೂ ಇದ್ದರು, ಮಲಾವಿಯ ಹೆಂಗಸೊಬ್ಬಳ ಸಂಗವಿದ್ದಿರಬೇಕು ಅನ್ನುವುದು ಜನರ ಲೆಕ್ಕ.

"ಆ ಮೂಗು ನೋಡೇ, ಮುದುಕಂದೇ."

"ಸುಮ್ನಿರು, ಕೇಳಿಸ್ಕೊತಾನೆ."

"ಕೇಳಿಸ್ಕೊಳ್ಳಲಿ ಬಿಡು. ಯಾರಪ್ಪನಿಗೋ ಇಷ್ಟು ಅಳೋರು ಉಂಟಾ?"

ಗೇಟಿನ ಹತ್ತಿರ ಕೈತೊಳೆಯಲು ಇಟ್ಟಿದ್ದ ಬೇಸಿನ್ನಿಗೆ ಅವನು ಬಾಗಿದ್ದಾಗ ಮುದುಕನ ಹೆಂಡತಿ ಎದ್ದುಬಂದಳು. ಮಾತೆಬೋಹೊ ಅಂತ ಅವಳ ಹೆಸರು. ಆ ಸೀಮೆಯಲ್ಲಿ ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗಲೇ ಮುಂದೆ ಹುಟ್ಟುವ ಮಗುವಿನ ತಾಯಿ ಅಂತ ಹೆಸರಿಡುತ್ತಾರೆ. ತೆಬೋಹೊನ ತಾಯಿ ಆಗಬೇಕಾಗಿದ್ದವಳಿಗೆ ತೆಬೋಹೊ ಹುಟ್ಟಲೇ ಇಲ್ಲ. ಬಂದ ಮುದುಕಿ ಅವನ ಎದುರು ನಿಂತು ಮುಖವನ್ನು ಹುಬ್ಬಿನಿಂದ ಗದ್ದದವರೆಗೆ ನೋಡಿದಳು.

"ನಿಜ ಹೇಳು ಮಗ. ನಾನು ಬಯ್ಯಲ್ಲ. ನೀನು ನಮ್ಮ ಯಜಮಾನ್ರ ಮಗನಾ?"

ಅವನು ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡ. "ಅಲ್ಲಮ್ಮ. ಬುಧವಾರ ಊರಲ್ಲಿ ನಮ್ಮ ಮಾವ ತೀರ್ಕೊಂಡ. ನನಗೆ ಹೋಗೋಕಾಗ್ಲಿಲ್ಲ. ತಪ್ಪಾಯ್ತು, ಆ ಸಲಿಕೆ ನಿಮ್ಮೋರಿಗೆ ಬಿಟ್ಟುಕೊಡಬೇಕಾಗಿತ್ತು."

ಮುದುಕಿಯ ಮುಖ ಒಂದು ಗಳಿಗೆ ಇಳಿದುಹೋಯಿತು. ಹೌದು ಅನ್ನಲಿ ಅಂತ ಅವಳು ಕಾದಿದ್ದಳೇನೋ ಅನ್ನಿಸಿ ಅವನು ತಲೆ ತಗ್ಗಿಸಿದ.

"ಇರ್ಲಿ. ನಮ್ಮ ಯಜಮಾನ್ರಿಗೂ ಅಷ್ಟು ಅಳೋರು ಬೇರೆ ಯಾರೂ ಇರ್ಲಿಲ್ಲ" ಅಂದಳು. "ಊಟ ಮಾಡ್ಕೊಂಡು ಹೋಗು."

ಗೋಡೆಗೆ ಒರಗಿ ಅವನು ತಟ್ಟೆ ಹಿಡಿದಿದ್ದಾಗ ಮಾಖೋತ್ಸಮ್ಮ ಬಂದು ಪಕ್ಕದಲ್ಲಿ ಕೂತಳು. ಬೈಯುವುದಕ್ಕೆ ಬಾಯಿ ತೆರೆದವಳು, "ಬುಧವಾರದಿಂದ ನನ್ ಗೋಡೆ ಪಕ್ಕದಲ್ಲೇ ಒಬ್ನೇ ಇಟ್ಕೊಂಡಿದ್ಯಾ ಇದನ್ನ?" ಅಂದಳು. ಅವನು ತಲೆಯಾಡಿಸಿದ. ಅವಳು ತನ್ನ ತಟ್ಟೆಯ ಮಾಂಸದ ತುಂಡೊಂದನ್ನು ಎತ್ತಿ ಅವನ ತಟ್ಟೆಗೆ ಹಾಕಿದಳು.

ಕೆಲವು ದಿನ ಕಳೆದ ಮೇಲೆ ಮಾತೆಬೋಹೊ ಹೇಳಿಕಳಿಸಿದಳು. ಮನೆಯವರು ಸೂತಕದ ತಲೆ ಬೋಳಿಸಿಕೊಳ್ಳುವ ದಿನ, ಅವನೂ ಬರಬೇಕಂತೆ. ಎಳೆಬಿಸಿಲಲ್ಲಿ ಮುದುಕನ ತಮ್ಮಂದಿರು, ಅವರ ಮಕ್ಕಳು ಸಾಲಾಗಿ ಕೂತಿದ್ದರು. ಯೋತಾಮು ಸಾಲಿನ ತುದಿಯಲ್ಲಿ ಕೂತ. ಕ್ಷೌರದ ಕತ್ತಿ ಹಿಡಿದ ಹಿರಿಯ ಅವನವರೆಗೆ ಬಂದು ನಿಂತು, "ಇವರು ಯಾರ ಕಡೆಯೋರು?" ಅಂತ ಕೇಳಿದ.

"ಬಂದು ಕೂತಿದಾನಲ್ಲ. ಬೋಳಿಸು" ಅಂದಳು ಮಾತೆಬೋಹೊ.

ತಣ್ಣನೆಯ ನೀರು ತಲೆಗೆ ಬಿತ್ತು. ಕೂದಲು ಮಡಿಲಿಗೆ ಉದುರಿತು. ಊರಿನಲ್ಲಿ ಅಕ್ಕನೂ ಬೋಳಿಸಿಕೊಂಡಿರುತ್ತಾಳೆ ಅಂದುಕೊಂಡ. ಅವತ್ತು ಅವನು ಅಳಲಿಲ್ಲ.

ಚಳಿಯೇನೂ ಇದರಿಂದ ಕಡಿಮೆಯಾಗಲಿಲ್ಲ. ಆಗಸ್ಟಿನ ಗಾಳಿಗೆ ಊರೆಲ್ಲ ಧೂಳು ಎದ್ದಿತು. ಮಾತೆಬೋಹೊಳ ಮನೆಯ ತಗಡು ಕಿತ್ತು ಹಾರಿದಾಗ ಅವನು ಹೋಗಿ ಮೊಳೆ ಹೊಡೆದು ಮೇಲೆ ಕಲ್ಲು ಹೇರಿಬಂದ. ಆಮೇಲೆ ಭಾನುವಾರಗಳಲ್ಲಿ ಅವಳ ಗೋಡೆಯ ಬಿಸಿಲಿಗೆ ಹೋಗಿ ಕೂರುವುದು ರೂಢಿಯಾಯಿತು. ಅವಳ ಭಾಷೆ ಇವನಿಗೆ ಅರ್ಧ ಬರುತ್ತಿತ್ತು. ಅವಳು ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಮಾತಾಡುತ್ತಿದ್ದಳು.

"ನಿಮ್ಮ ಕೆರೆಗೆ ಆಚೆ ದಡ ಇದೆಯಾ?"

"ಇದೆಯಮ್ಮ. ಕೆಲವು ದಿನ ಕಾಣುತ್ತೆ, ಕೆಲವು ದಿನ ಕಾಣಲ್ಲ."

"ಡಿಸೆಂಬರ್ ರಜೆಗೆ ಊರಿಗೆ ಹೋಗ್ತೀಯಂತೆ. ಹೋದವನು ವಾಪಸ್ ಬರ್ತೀಯಾ?"

ಅವನು "ನೋಡಬೇಕಮ್ಮ" ಅಂದ. ಬಿಸಿಲು ಗೋಡೆ ಬಿಟ್ಟು ಬೇಲಿಗೆ ಸರಿಯಿತು. ಅವನು ಎದ್ದು ಅವಳ ಕುರ್ಚಿಯನ್ನು ಒಳಗಿಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲು ಹಾಕುತ್ತಿದ್ದ ಮನೆಗಳ ನಡುವೆ ತನ್ನ ಕೋಣೆಯ ಕಡೆ ನಡೆದ.