ವಾಸಿಯಾದ ಕೈಗಳು

ನದಿ ಊರು ದಾಟಿ ಎಡಕ್ಕೆ ತಿರುಗುವಲ್ಲಿ ಚಪ್ಪಟೆ ಕಲ್ಲುಗಳ ಒಂದು ಸಾಲಿದೆ. ಲಾಡ್ಜುಗಳ ಹಾಸುಬಟ್ಟೆ, ಆಸ್ಪತ್ರೆಯ ಹಸಿರು ಪರದೆ, ಹೋಟೆಲಿನ ಮೇಜಿನ ಬಟ್ಟೆ, ಎಲ್ಲವೂ ಗಂಟು ಕಟ್ಟಿಸಿಕೊಂಡು ಬಂದು ಇಲ್ಲೇ ಬೀಳುತ್ತವೆ. ಯಾವ ಲಾಡ್ಜಿನಲ್ಲಿ ಯಾರು ಏನು ಚೆಲ್ಲಿಕೊಂಡರು ಎನ್ನುವುದು ಪೊಲೀಸರಿಗಿಂತ ಮೊದಲು ಈ ಕಲ್ಲುಗಳಿಗೆ ತಿಳಿಯುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ. ಆ ಸಾಲಿನ ಮೂರನೆಯ ಕಲ್ಲು ಕೈಯಕ್ಕನದು. ಪಕ್ಕದ್ದು ಅವಳ ನಾದಿನಿಯದು.

ಕೈಯಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಒಂದು ಪಟ ಇಟ್ಟ ಹೆಸರು. ಆ ಕಥೆ ಹೀಗೆ.

ಸೇತುವೆಯ ಆಚೆಗೆ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ ಇತ್ತು, ಈಗಲೂ ಇದೆ. ಅದರ ಕೊಳವೆ ನೇರ ನದಿಗೇ ಬಾಯಿ ತೆರೆದಿತ್ತು. ನೀರು ಒಂದು ದಿನ ನೇರಳೆ, ಮರುದಿನ ಹಸಿರು. ಮೊದಮೊದಲು ಹೆಂಗಸರು ನಗಾಡಿದರು, "ನಮ್ಮ ನದಿಗೆ ದಿನಾ ಹೊಸ ಬಟ್ಟೆ ಕಣ್ರೇ, ನಮಗೆ ಮಾತ್ರ ಊರವರ ಹಳೇ ಬಟ್ಟೆ" ಎಂದು. ಆಮೇಲೆ ಕೈಗಳಲ್ಲಿ ಕೆರೆತ ಶುರುವಾಯಿತು. ಕೆರೆತ ಗುಳ್ಳೆಯಾಯಿತು, ಗುಳ್ಳೆ ಒಡೆದು ಬಿರುಕಾಯಿತು. ಬೆರಳು ಊದಿಕೊಂಡು ಉಂಗುರ ತೆಗೆಯಲು ಸಾಬೂನು ಹಚ್ಚಿ ಎಳೆಯಬೇಕಾಯಿತು. ನಗು ನಿಂತಿತು.

ಆಗ ಬಂದವರು ಮೇಡಂ. ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದವರು, ಆ ಕೆಲಸ ಬಿಟ್ಟು ನದಿಗಾಗಿ ಒಂದು ಸಂಸ್ಥೆ ಕಟ್ಟಿದರು. ಸಂಸ್ಥೆ ಎಂದರೆ ಏನು? ಟೈಲರ್ ಅಂಗಡಿಯ ಮಹಡಿಯ ಮೇಲೆ ಒಂದು ಮೇಜು, ಕಾಲು ಅಲ್ಲಾಡುವ ಒಂದು ಕುರ್ಚಿ. ಸರ್ಕಾರಿ ಕಚೇರಿಗಳಲ್ಲಿ ಅವರಿಗೆ ಯಾರೂ ಕೂರಲು ಹೇಳುತ್ತಿರಲಿಲ್ಲ. ಒಂದು ಬೆಳಗ್ಗೆ ಅವರು ಕಲ್ಲಿನ ಹತ್ತಿರ ಬಂದು, "ಅಕ್ಕ, ಬೇಜಾರು ಮಾಡ್ಕೋಬೇಡಿ, ನಿಮ್ಮ ಕೈ ಒಂದು ಫೋಟೋ ತೆಗೀಲಾ?" ಎಂದು ಕೇಳಿದರು. ಕೈಯಕ್ಕ ಅಂಗೈ ಮೇಲೆ ಮಾಡಿ ಹಿಡಿದಳು. ಮುಖವಿಲ್ಲ, ಮೈಯಿಲ್ಲ, ಎರಡು ಕೈ, ಕೆಳಗೆ ನೇರಳೆ ನೀರು. ಅಷ್ಟೇ ಪಟ.

ಆ ಪಟ ಅವಳು ಯಾವತ್ತೂ ನೋಡದ ಊರುಗಳಿಗೆಲ್ಲ ಹೋಗಿಬಂತು. ದೂರದ ದೊಡ್ಡ ನಗರದ ಒಂದು ನಿಧಿಯವರ ಕಣ್ಣಿಗೂ ಬಿತ್ತು. ಕಾಡು, ನದಿ, ಗಾಳಿ ಎಂದು ಕೆಲಸ ಮಾಡುವವರನ್ನು ಹುಡುಕಿ ಹಣ ಕೊಡುವುದೇ ಆ ನಿಧಿಯ ಕೆಲಸ. ಹಣ ಬಂತು. ಹಣದ ಹಿಂದೆ ವಕೀಲರು ಬಂದರು, ನೀರು ಪರೀಕ್ಷಿಸುವ ಯಂತ್ರ ಬಂತು, ಜೀಪು ಬಂತು. ಮೊದಲು ಕುರ್ಚಿ ತೋರಿಸದ ಅಧಿಕಾರಿಗಳೇ ಈಗ ಎದ್ದು ನಿಂತು "ಮೇಡಂ, ಟೀನಾ, ಕಾಫಿನಾ?" ಎನ್ನತೊಡಗಿದರು. ಕೊನೆಗೆ ಆದೇಶವಾಗಿ ಕೊಳವೆಗೆ ಸಿಮೆಂಟ್ ಬಿತ್ತು. ಕಾರ್ಖಾನೆಯವರು ಕೊಳಕು ನೀರು ಶುದ್ಧ ಮಾಡುವ ತೊಟ್ಟಿ ಕಟ್ಟಿಕೊಳ್ಳಬೇಕಾಯಿತು. ಹಲ್ಲು ಕಡಿದುಕೊಂಡೇ ಕಟ್ಟಿಕೊಂಡರು.

ಸಂಸ್ಥೆಯವರು ಕೈಯಕ್ಕನಿಗೂ ಒಂದು ಕೆಲಸ ಕೊಟ್ಟರು. ಶಾಲೆ, ಸಭೆಗಳಲ್ಲಿ ನಿಂತು ನದಿಯ ಕಥೆ ಹೇಳುವುದು, ಕೈ ತೋರಿಸುವುದು. ತಿಂಗಳ ಸಂಬಳ. ಅವಳು ಕಲ್ಲಿಗೆ ಹೋಗುವುದು ನಿಂತಿತು. ಹೋದಲ್ಲೆಲ್ಲ ಜನ ಎದ್ದು ಜಾಗ ಬಿಡುತ್ತಿದ್ದರು. ಮನೆಯಲ್ಲಿ ಇಸ್ತ್ರಿ ಮಾಡುವ ಗಂಡ, "ಇವಳ ಕೈ ಹಿಡಿದವನು ನಾನು. ಈಗ ನೋಡಿದ್ರೆ ಊರೆಲ್ಲಾ ಹಿಡ್ಕೊಂಡು ಕೂತಿದೆ" ಎಂದು ಗಿರಾಕಿಗಳ ಮುಂದೆ ಗೊಣಗಿದಂತೆ ಮಾಡಿ ಮೀಸೆಯಲ್ಲೇ ನಗುತ್ತಿದ್ದ.

ನೀರು ತಿಳಿಯಾದ ಮೇಲೆ ಕೈಗಳು ತಾವಾಗಿ ವಾಸಿಯಾದವು. ಮೊದಲು ಕಲ್ಲಿನ ಹೆಂಗಸರದು, ಆಮೇಲೆ ಕೈಯಕ್ಕನದು. ಇನ್ನೇನು ಬೇಕು ಎನ್ನುತ್ತೀರಿ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ನಿಧಿಯ ಹಣ ವರ್ಷವರ್ಷಕ್ಕೂ ಹೊಸದಾಗಿ ಮಂಜೂರಾಗಬೇಕು. ಆ ವರ್ಷ ನಿಧಿ ನಡೆಸುವ ಹಿರಿಯಮ್ಮನೇ ಖುದ್ದಾಗಿ ಬಂದು ನೋಡುತ್ತಾರೆ ಎಂದು ಸುದ್ದಿ ಬಂತು. ಕಚೇರಿಯಲ್ಲಿ ಗೋಡೆಗೆ ಬಣ್ಣ ಹೊಡೆಸುತ್ತಿದ್ದರು. ಏಣಿ ಹಿಡಿದುಕೊಳ್ಳಲು ಕೈಯಕ್ಕ ಮುಂದೆ ಬಂದಾಗ ಮೇಡಂ ದೃಷ್ಟಿ ಅವಳ ಕೈ ಮೇಲೆ ಬಿತ್ತು.

"ಅಯ್ಯೋ, ಪೂರ್ತಿ ವಾಸಿ ಆಗ್ಬಿಟ್ಟಿದೆಯಲ್ಲಾ!" ಎಂದರು.

ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, "ಒಳ್ಳೇದಾಯ್ತು ಬಿಡಿ ಅಕ್ಕ, ಒಳ್ಳೇದಾಯ್ತು" ಎಂದು ನಕ್ಕರು. ಆದರೆ ಆ ಮೊದಲ ಅಯ್ಯೋ ಕೈಯಕ್ಕನ ಎದೆಯಲ್ಲಿ ಹೊಕ್ಕು ಕೂತಿತು. ಕಚೇರಿಯಲ್ಲಿ ಎಲ್ಲರೂ ಪಿಸುಗುಟ್ಟುತ್ತಿದ್ದುದು ಅವಳಿಗೂ ಕೇಳಿತ್ತು. ಇಲ್ಲಿ ಕೆಲಸ ಮುಗಿಯಿತು ಎಂದುಕೊಂಡರೆ ನಿಧಿಯವರು ಬೇರೆ ನದಿ ನೋಡಿಕೊಳ್ಳುತ್ತಾರೆ. ಹಣ ಹೋದರೆ ವಕೀಲರಿಲ್ಲ, ಜೀಪಿಲ್ಲ, ಕೊಳವೆಯ ಮೇಲೆ ಕಣ್ಣಿಡುವವರಿಲ್ಲ. ತನ್ನ ಸಂಬಳವೂ ಇಲ್ಲ, ಎದ್ದು ಜಾಗ ಬಿಡುವವರೂ ಇಲ್ಲ. ಇದನ್ನೂ ಅವಳು ಯೋಚಿಸಿದಳು. ಯೋಚಿಸಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ.

ಬಟ್ಟೆ ಒಗೆಯುವವರ ಮನೆಗೆ ಸೊಸೆಯಾಗಿ ಬಂದವಳಿಗೆ ಕಲಿಸುವ ಮೊದಲ ಪಾಠ ಒಂದೇ. ಹಾಸುಬಟ್ಟೆ ಬೇಯಿಸುವ ಹಂಡೆಗೆ ಒಗೆಯುವ ಸೋಡಾ ಹಾಕಿದ ಮೇಲೆ ಕೋಲಿನಿಂದ ತಿರುವಬೇಕು, ಕೈ ಹಾಕಬಾರದು. ಸೋಡಾಕ್ಕೆ ಕೊಳೆ ಯಾವುದು, ಚರ್ಮ ಯಾವುದು ಎಂದು ಗೊತ್ತಾಗುವುದಿಲ್ಲ. ಕೈಯಕ್ಕನಿಗೆ ಇದನ್ನು ಕಲಿಸಿದ್ದು ಅತ್ತೆ. ಹಿರಿಯಮ್ಮ ಬರುವ ಮುಂಚಿನ ದಿನಗಳಲ್ಲಿ ಗಂಡ ಇಸ್ತ್ರಿ ಬಟ್ಟೆ ಹಂಚಲು ಹೋದ ಸಮಯ ನೋಡಿ, ಅವಳು ಹಿತ್ತಲಿನಲ್ಲಿ ಒಂದು ಬೋಗುಣಿಯಲ್ಲಿ ದಟ್ಟವಾಗಿ ಸೋಡಾ ಕಲಸಿದಳು. ಅದರಲ್ಲಿ ಕೈ ಅದ್ದಿ, ಹಲ್ಲು ಕಚ್ಚಿಕೊಂಡು ಕೂತಳು. ಯಾರೂ ಮಾಡು ಎಂದು ಹೇಳಿರಲಿಲ್ಲ.

ಕೈಗಳು ಮತ್ತೆ ಪಟದಲ್ಲಿದ್ದಂತೆ ಆದವು.

ಇತ್ತ ಕಲ್ಲಿನ ಹೆಂಗಸರದು ಬೇರೆಯೇ ಸಂಭ್ರಮ. ಹಿರಿಯಮ್ಮ ಬರುತ್ತಾರಂತೆ ಎಂದು ಕೇಳಿ ನಾದಿನಿ, "ಬರ್ಲಿ ಬಿಡ್ರೇ. ನೀವು ಕೊಟ್ಟ ದುಡ್ಡು ನೀರಲ್ಲಿ ಹೋಗಿಲ್ಲ ಕಣಮ್ಮಾ, ನೀರಿಂದ ಎದ್ದು ಬಂದಿದೆ ಅಂತ ಕೈ ತೋರಿಸೋಣ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಡಬ್ಬಿಯಲ್ಲಿ ಎತ್ತಿಟ್ಟಿದ್ದ ಉಂಗುರ ತೆಗೆದು ಹಾಕಿಕೊಂಡಳು. ಟೈಲ್ಸ್ ಕೆಲಸಕ್ಕೆಂದು ಹೋದಲ್ಲಿ ಗೋಡೆ ಬಿದ್ದು ತೀರಿಕೊಂಡ ಗಂಡ ಮದುವೆಯ ದಿನ ತೊಡಿಸಿದ್ದು. ಊದಿದ ಬೆರಳಿಗೆ ಏರದೆ ಇದ್ದದ್ದು ಊತ ಇಳಿದ ಮೇಲೆ ಸ್ವಲ್ಪ ಸಡಿಲವೇ ಆಗಿತ್ತು.

ಹಿರಿಯಮ್ಮ ಬಂದರು. ಬೆಳ್ಳಿಗೂದಲು, ಮೆದು ಮಾತು, ದುಡ್ಡಿನ ದರ್ಪ ಎಳ್ಳಷ್ಟೂ ಇಲ್ಲ. ಇದ್ದಿದ್ದರೆ ಕೈಯಕ್ಕನಿಗೆ ಎಷ್ಟೋ ಸಲೀಸಾಗುತ್ತಿತ್ತು. ಕಚೇರಿಯಲ್ಲಿ ಗೋಡೆಯ ಮೇಲಿನ ಪಟವನ್ನೂ ಎದುರಿಗಿದ್ದ ಕೈಗಳನ್ನೂ ನೋಡಿದರು. ಎರಡೂ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಇನ್ನೂ ವಾಸಿ ಆಗಿಲ್ವೇನಮ್ಮಾ?"

ಕೈಯಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಹಿರಿಯಮ್ಮನ ಕಣ್ಣಿನಿಂದ ಒಂದು ಹನಿ ಬಿದ್ದು ಸೋಡಾ ತಿಂದ ಚರ್ಮಕ್ಕೆ ತಾಗಿತು. ಚುರ್ ಎಂದಿತು. ಮೇಡಂ ಆ ಕೈ ಕಡೆ ನೋಡಿದರು, ಹುಬ್ಬು ಗಂಟಿಕ್ಕಿದರು, ಆಮೇಲೆ ಕಿಟಕಿಯ ಕಡೆ ತಿರುಗಿದರು.

"ಉಳಿದ ಹೆಂಗಸರನ್ನೂ ನೋಡ್ಬೇಕು ನಾನು. ಇಲ್ಲೇ ಹತ್ತಿರ ಅಲ್ವಾ?" ಎಂದರು ಹಿರಿಯಮ್ಮ.

ಅದು ಆ ದಿನದ ಕಾರ್ಯಕ್ರಮದಲ್ಲಿ ಇರಲಿಲ್ಲ. ಬಿಸಿಲು ಜಾಸ್ತಿ, ದಾರಿ ಜಾರುತ್ತೆ ಎಂದು ಮೇಡಂ ಏನೇನೋ ಹೇಳಿ ನೋಡಿದರು. ಹಿರಿಯಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು.

ಇವರು ಮೆಟ್ಟಿಲಿಳಿದು ಬರುವಾಗ ನಾದಿನಿ ಕಲ್ಲಿನ ಮೇಲೆ ಸಾಬೂನು ತಿಕ್ಕುತ್ತಿದ್ದಳು. "ಬಂದ್ರು, ಬಂದ್ರು, ಏಳ್ರೇ" ಎಂದು ಎದ್ದು ನಿಂತು, ನಗುತ್ತಾ ಎರಡೂ ಅಂಗೈ ಮುಂದೆ ಚಾಚಲು ಹೋದಳು. ಅಷ್ಟರಲ್ಲಿ ಅತ್ತಿಗೆಯ ಕೈ ಅವಳ ಕಣ್ಣಿಗೆ ಬಿತ್ತು.

ಅವಳು ಆ ಅತ್ತೆಯದೇ ಮಗಳು, ಅದೇ ಹಂಡೆಯ ಪಕ್ಕ ಬೆಳೆದವಳು. ಸೋಡಾ ತಿಂದ ಕೈ ಯಾವುದು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಒಂದು ಸಲ ಅತ್ತಿಗೆಯ ಮುಖ ನೋಡಿದಳು. ನಗು ಅಲ್ಲೇ ಆರಿತು. ಸಾಬೂನಿನ ನೊರೆಯಿದ್ದ ಕೈಗಳನ್ನು ಸರಕ್ಕನೆ ನೀರಿಗಿಳಿಸಿ, ಮುಳುಗಿದ್ದ ಹಾಸುಬಟ್ಟೆಯ ಕೆಳಗೆ ತೂರಿಸಿಬಿಟ್ಟಳು. ಪಕ್ಕದವಳು ಅವಳನ್ನು ನೋಡಿದಳು, ಕೈಯಕ್ಕನನ್ನು ನೋಡಿದಳು, ತನ್ನ ಕೈಯನ್ನು ಒದ್ದೆ ಪರದೆಯಲ್ಲಿ ಸುತ್ತಿಕೊಂಡಳು. ಹಾಗೆ ಸಾಲಿನುದ್ದಕ್ಕೂ, ಒಬ್ಬೊಬ್ಬರಾಗಿ, ಕೈಗಳು ಕಾಣೆಯಾದವು. ಬಹುಮಾನ ಬಂದ ಹಾಗೆ ತೋರಿಸಬೇಕೆಂದಿದ್ದ ಕೈಗಳನ್ನು ಕದ್ದ ಮಾಲಿನ ಹಾಗೆ ಮುಚ್ಚಿಕೊಂಡು ನಿಂತರು.

"ಎಲ್ಲಿ, ನಿಮ್ಮ ಕೈ ತೋರಿಸ್ರಮ್ಮಾ" ಎಂದರು ಹಿರಿಯಮ್ಮ.

"ಬೇಡಮ್ಮ. ನೋಡೋದು ಬೇಡ" ಎಂದಳು ನಾದಿನಿ.

ಹಿರಿಯಮ್ಮ ಏನು ಕಲ್ಪಿಸಿಕೊಂಡರೋ, ಮುಖ ಪಕ್ಕಕ್ಕೆ ತಿರುಗಿಸಿ, "ಆಯ್ತು, ಬಲವಂತ ಬೇಡ" ಎಂದರು. ಮೆಟ್ಟಿಲು ಹತ್ತುವಾಗಲೇ, ಈ ಸಲ ಮೊದಲಿಗಿಂತ ಹೆಚ್ಚು ಕೊಡಿಸುತ್ತೇನೆ ಎಂದು ಮೇಡಂಗೆ ಮಾತು ಕೊಟ್ಟರು.

ಜೀಪು ಹೋದ ಸದ್ದು ಅಡಗಿದ ಮೇಲೆ ಹೆಂಗಸರು ಕೈ ಹೊರಗೆ ತೆಗೆದರು. ಕೈಯಕ್ಕ ಅಲ್ಲೇ ನಿಂತಿದ್ದಳು. ಯಾರಾದರೂ ಉಗಿಯಲಿ ಎಂದು ಕಾದಳು. ಯಾರೂ ಉಗಿಯಲಿಲ್ಲ. ನಾದಿನಿ ಮಾತ್ರ ಬಗ್ಗಿ ಹಾಸುಬಟ್ಟೆಯನ್ನು ಎತ್ತೆತ್ತಿ ನೋಡುತ್ತಿದ್ದಳು, ಕಲ್ಲಿನ ಬುಡದಲ್ಲಿ ಕೈಯಾಡಿಸುತ್ತಿದ್ದಳು.

"ಏನೇ ಹುಡುಕ್ತಿದೀಯಾ?"

"ಏನಿಲ್ಲ ಬಿಡು ಅತ್ತಿಗೆ."

ಅವಳ ಬೆರಳು ಬರಿದಾಗಿತ್ತು. ನೊರೆ ಇದ್ದ ಕೈ, ಸಡಿಲ ಉಂಗುರ, ಹರಿಯುವ ನೀರು.

ಕೈಯಕ್ಕ ಮೈಮೇಲಿನ ಬಟ್ಟೆಯ ಪರಿವೆಯಿಲ್ಲದೆ ನೀರಿಗಿಳಿದಳು. ಇಬ್ಬರೂ ಹುಡುಕಿದರು, ಆಮೇಲೆ ಎಲ್ಲರೂ ಹುಡುಕಿದರು. ಸೋಡಾ ಕೈಗೆ ಮರಳು ತಾಗಿ ಪ್ರಾಣ ಹೋದ ಹಾಗಾಗುತ್ತಿತ್ತು. ಆಗಲಿ ಎಂದೇ ಹುಡುಕಿದಳು. ಸಿಗಲಿಲ್ಲ. "ಯಾಕೆ ಮುಚ್ಚಿಟ್ರಿ? ತೋರಿಸ್ಬೇಕಿತ್ತು, ನನ್ನ ಮಾನ ಹೋಗ್ಬೇಕಿತ್ತು" ಎಂದು ಅತ್ತಳು.

ನಾದಿನಿ ಮೂಗೊರೆಸಿಕೊಂಡು, "ನಿನ್ನ ಮಾನ ಹೋದ್ರೆ ನಮ್ಮನೇದು ಉಳಿಯುತ್ತಾ? ದೊಡ್ಡ ಮಾತಾಡ್ತಾಳೆ. ಮೇಲೆ ಬಾ, ಶೀತ ಆಗುತ್ತೆ" ಎಂದಳು.

ಮರುದಿನ ಬೆಳಗ್ಗೆ ಕೈಯಕ್ಕ ಕಚೇರಿಗೆ ಹೋಗಿ ನಿಂತೇ ಹೇಳಿದಳು, "ಮೇಡಂ, ಇದು ನದಿ ಮಾಡಿದ್ದಲ್ಲ. ಸೋಡಾ."

ಮೇಡಂ ಕನ್ನಡಕ ತೆಗೆದರು. "ನಾನು ಹಾಗೆ ಮಾಡಿ ಅಂದಿದ್ನಾ ಅಕ್ಕ?"

"ಇಲ್ಲ ಮೇಡಂ."

"ಮತ್ತೆ?"

"ನೀವು ಅಯ್ಯೋ ಅಂದ್ರಿ."

ಕೆಳಗೆ ಟೈಲರ್ ಮಿಷನ್ನಿನ ಸದ್ದು ಕೇಳುತ್ತಿತ್ತು. ಮೇಡಂ ಕನ್ನಡಕವನ್ನು ಒರೆಸಿದರು, ಒರೆಸುತ್ತಲೇ ಇದ್ದರು.

"ನಿನ್ನೆಯೇ ಗೊತ್ತಾಯ್ತು ನನಗೆ. ಬಾಯಿ ಬಿಡ್ಲಿಲ್ಲ" ಎಂದರು ಕೊನೆಗೆ.

"ಈಗ ಹೇಳ್ಬಿಡಿ ಮೇಡಂ ಆ ಅಮ್ಮನಿಗೆ. ನಾನೇ ಬಂದು ಹೇಳ್ತೀನಿ."

"ಹೇಳಬಹುದು. ಆ ಮಾತು ಕಾರ್ಖಾನೆಯವರ ಕಿವಿಗೆ ಬೀಳೋಕೆ ಎಷ್ಟು ಹೊತ್ತು? ಇದು ಸೋಡಾ ಕೈ ಆದ್ರೆ ಮೊದಲಿನದೂ ಸೋಡಾ ಕೈನೇ ಅಂತಾರೆ. ಆ ಪಟ ತೋರಿಸಿಯೇ ನಾವು ಕೊಳವೆ ಮುಚ್ಚಿಸಿದ್ದು. ಅದು ಸುಳ್ಳು ಅಂತಾದ್ರೆ ಸಿಮೆಂಟ್ ಒಡೆಯೋಕೆ ಅವರಿಗೆ ಒಂದು ದಿನ ಸಾಕು. ಆಮೇಲೆ ಆ ಹೆಂಗಸರ ಕೈ?"

ಕೈಯಕ್ಕ ಇದನ್ನು ಯೋಚಿಸಿರಲಿಲ್ಲ. ಒಂದು ಸುಳ್ಳು ಕೈ ತೋರಿಸಿ ತಾನು ನಿಜವಾದ ಕೈಯನ್ನೂ ಅಡವಿಟ್ಟಿದ್ದಳು. ತಪ್ಪು ಒಪ್ಪಿಕೊಂಡು ಹಗುರಾಗೋಣ ಎಂದು ಬಂದವಳಿಗೆ ಒಪ್ಪಿಕೊಳ್ಳುವ ದಾರಿಯೂ ಮುಚ್ಚಿತ್ತು. ಮೇಡಂ ತಲೆ ತಗ್ಗಿಸಿ ಕೂತಿದ್ದರು.

"ಆ ಪಟ ಗೋಡೆಯಿಂದ ತೆಗೀರಿ" ಎಂದು ಮಾತ್ರ ಹೇಳಿ ಕೈಯಕ್ಕ ಮೆಟ್ಟಿಲಿಳಿದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಗೋಡೆಯಿಂದ ತೆಗೆದರು. ಆದರೆ ಪಟ ಅಷ್ಟರಲ್ಲಿ ಗೋಡೆಗಿಂತ ಬಹಳ ಮುಂದೆ ಹೋಗಿತ್ತು. ಬಸ್ ನಿಲ್ದಾಣದಲ್ಲಿದೆ, ಅಂಗಡಿಗಳಲ್ಲಿ ಇಟ್ಟಿರುವ ದೇಣಿಗೆ ಡಬ್ಬಿಗಳ ಮೇಲಿದೆ. ಕೈಯಕ್ಕ ಸೋಡಾ ಕೊಳ್ಳುವ ಅಂಗಡಿಯ ಕಟ್ಟೆಯ ಮೇಲೂ ಒಂದು ಡಬ್ಬಿ ಇದೆ. ಚಿಲ್ಲರೆ ವಾಪಸ್ ಬಂದಾಗಲೆಲ್ಲ ಅವಳು ಅದರ ಕಡೆ ನೋಡದೆ ಅದರೊಳಗೆ ಹಾಕುತ್ತಾಳೆ. ಅಂಗಡಿಯವನು ಬೇರೆ ಗಿರಾಕಿಗಳಿಗೆ ಕೇಳುವಂತೆ, "ನೋಡಿ ಸ್ವಾಮಿ, ದುಡಿದು ತಿನ್ನೋರು, ಆದ್ರೂ ನದಿಗೆ ಅಂತ ಕೊಡ್ತಾರೆ. ಇಂಥವರಿಂದಲೇ ಮಳೆ ಬೆಳೆ" ಎನ್ನುತ್ತಾನೆ. ಅವಳು ಸೋಡಾ ಪೊಟ್ಟಣವನ್ನು ಎದೆಗವಚಿಕೊಂಡು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಹೊರಟುಬಿಡುತ್ತಾಳೆ.

ಮೂರನೆಯ ಕಲ್ಲನ್ನು ಹೆಂಗಸರು ಅವಳಿಗೆಂದೇ ಬಿಟ್ಟಿದ್ದರು. ಈಗ ದಿನಾ ಬೆಳಗ್ಗೆ ಗಂಟು ಬಿಚ್ಚುವ ಮೊದಲು ಅವಳು ಪಕ್ಕದ ಕಲ್ಲಿನ ಬುಡದಲ್ಲಿ ಒಂದು ಸಲ ಕೈಯಾಡಿಸುತ್ತಾಳೆ. ನೀರು ತಿಳಿಯಾಗಿದೆ, ತಳದ ಹರಳು ಕಾಣುತ್ತದೆ, ಬೆರಳಿಗೆ ಏನೂ ಉರಿಯುವುದಿಲ್ಲ. ನಾದಿನಿ ಕಂಡರೂ ಕಾಣದವಳ ಹಾಗೆ ತನ್ನ ಗಂಟು ಬಿಚ್ಚಿ ಒಗೆಯತೊಡಗುತ್ತಾಳೆ.

"ಅದು ಸಮುದ್ರ ಸೇರಿ ಯಾವ ಕಾಲ ಆಯ್ತು ಅತ್ತಿಗೆ. ಏಳು, ಹಿಂಡೋಕೆ ನನಗೊಬ್ಬಳಿಗೇ ಆಗಲ್ಲ."

ಲಾಡ್ಜಿನ ದೊಡ್ಡ ಹಾಸುಬಟ್ಟೆ ಹಿಂಡಲು ಇಬ್ಬರು ಬೇಕು. ಆ ತುದಿ ಒಬ್ಬಳು, ಈ ತುದಿ ಒಬ್ಬಳು, ಎದುರುಬದುರು ನಿಂತು, ಇವಳು ಬಲಕ್ಕೆ ತಿರುವಿದರೆ ಅವಳು ಎಡಕ್ಕೆ. ತಿರುವುತ್ತಾ ತಿರುವುತ್ತಾ ಇಬ್ಬರ ಕೈಗಳೂ ಹತ್ತಿರ ಬರುತ್ತವೆ. ಆಗ ಕೈಯಕ್ಕ ನಾದಿನಿಯ ಬರಿ ಬೆರಳು ನೋಡಲೇಬೇಕಾಗುತ್ತದೆ. ಕಣ್ಣು ಬೇರೆಡೆ ತಿರುಗಿಸಿದರೆ ಬಟ್ಟೆ ಜಾರಿ ನೀರಿಗೆ ಬೀಳುತ್ತದೆ.